ಮೌಸ್ ನಮ್ಮದು, ಬೀಗದಕೈ ಯಾರದ್ದು?

ಗೇಮಿಂಗ್ ಮೌಸ್ ಕೊಳ್ಳುವಾಗ ನಮ್ಮ ವಯಸ್ಸಿನವರು ಮೊದಲು ನೋಡುವುದು ಅದರ ಬಣ್ಣದ ಬೆಳಕನ್ನು. ಡಬ್ಬದ ಮೇಲೆ 1.68 ಕೋಟಿ ಬಣ್ಣಗಳು ಎಂದು ಬರೆದಿರುತ್ತದೆ. ಲೆಕ್ಕವೇನೋ ಸರಿ. ಕೆಂಪು, ಹಸಿರು, ನೀಲಿಗೆ ತಲಾ 256 ಹಂತ, ಗುಣಿಸಿದರೆ 1,67,77,216. ಆದರೆ ಆ ಬಣ್ಣ ಬದಲಿಸಲು ಏನೆಲ್ಲ ಬೇಕು ಎಂಬುದನ್ನು ಅಷ್ಟೇ ದಪ್ಪ ಅಕ್ಷರದಲ್ಲಿ ಯಾರೂ ಬರೆಯುವುದಿಲ್ಲ.

ಬೆಳಕು ಬರೀ ಶೋಕಿ ಎಂದು ಮನೆಯಲ್ಲಿ ಹಿರಿಯರು ನಗುತ್ತಾರೆ. ಅದು ಪೂರ್ತಿ ನಿಜವಲ್ಲ. ಮೌಸ್ ಒಂದು ಇಂಚು ಸರಿದಾಗ ಎಷ್ಟು ಎಣಿಕೆ ಕಳಿಸುತ್ತದೆ ಎಂಬುದೇ ಡಿಪಿಐ. 800ಕ್ಕೆ ನೀಲಿ, 1600ಕ್ಕೆ ಕೆಂಪು ಎಂದು ಹೊಂದಿಸಿಕೊಂಡರೆ ಯಾವುದರಲ್ಲಿದ್ದೇವೆ ಎಂಬುದು ನೋಡಿದೊಡನೆ ತಿಳಿಯುತ್ತದೆ. ಪಕ್ಕದ ಬಟನ್‌ಗೆ ಬೇಕಾದ ಕೆಲಸ ಕೊಟ್ಟುಕೊಂಡರೆ ಕ್ಯಾಡ್ ಡ್ರಾಯಿಂಗ್ ಮಾಡುವವರಿಗೂ ಅನುಕೂಲ.

ಚಿಂತೆ ಇರುವುದು ಸಾಫ್ಟ್‌ವೇರ್ ಬಗ್ಗೆ. ಯುಎಸ್‌ಬಿಯ ಸಾಮಾನ್ಯ ನಿಯಮದಂತೆ ಮೌಸ್ ಸಿಕ್ಕಿಸಿದೊಡನೆ ಓಡುತ್ತದೆ. ಬಣ್ಣ, ಬಟನ್ ಬದಲಿಸಬೇಕೆಂದರೆ ಮಾತ್ರ ಕಂಪನಿಯ ಸಾಫ್ಟ್‌ವೇರ್ ಇಳಿಸಿಕೊಳ್ಳಬೇಕು. ಕೆಲವು ಖಾತೆ ತೆರೆಯಲೂ ಹೇಳುತ್ತವೆ. ಹಲವು ಸದಾ ಹಿನ್ನೆಲೆಯಲ್ಲಿ ಓಡುತ್ತಾ ಮೆಮೊರಿ ತಿನ್ನುತ್ತವೆ. ಅಪಾಯವೂ ಇಲ್ಲದಿಲ್ಲ. ರೇಜರ್ ಮೌಸ್ ಸಿಕ್ಕಿಸಿದಾಗ ವಿಂಡೋಸ್ ತಾನಾಗಿಯೇ ತೆರೆಯುತ್ತಿದ್ದ ಇನ್‌ಸ್ಟಾಲರ್‌ನಲ್ಲಿ 2021ರ ಆಗಸ್ಟ್‌ನಲ್ಲಿ ಒಂದು ದೋಷ ಬಯಲಾಯಿತು. ಅದನ್ನು ಬಳಸಿ, ಕಂಪ್ಯೂಟರ್ ಮುಂದೆ ಕೂತ ಸಾಮಾನ್ಯ ಬಳಕೆದಾರನೂ ಅದರ ಸಂಪೂರ್ಣ ಅಧಿಕಾರ ಪಡೆಯಬಹುದಿತ್ತು. ಸರಿಪಡಿಸುವುದಾಗಿ ಕಂಪನಿ ಹೇಳಿತು. ಆದರೆ ಒಂದು ಮೌಸ್‌ಗಾಗಿ ಇಷ್ಟು ದೊಡ್ಡ ಬಾಗಿಲು ತೆರೆದಿಡಬೇಕೇ?

ಬೇರೆ ದಾರಿಗಳಿವೆ. ಹಲವು ಮೌಸ್‌ಗಳಲ್ಲಿ ಒಳಗೇ ಮೆಮೊರಿ ಇರುತ್ತದೆ. ಒಮ್ಮೆ ಹೊಂದಿಸಿದರೆ ಡಿಪಿಐ, ಬಟನ್‌ಗಳ ಹೊಂದಿಕೆ ಅದರಲ್ಲೇ ಉಳಿಯುತ್ತದೆ. ಸಾಫ್ಟ್‌ವೇರ್ ಇಲ್ಲದ ಲ್ಯಾಬ್ ಕಂಪ್ಯೂಟರಿನಲ್ಲೂ ನಡೆಯುತ್ತದೆ. 2023ರಲ್ಲಿ ವಿಂಡೋಸ್ 11ಕ್ಕೆ ಡೈನಾಮಿಕ್ ಲೈಟಿಂಗ್ ಬಂತು. ಅದಕ್ಕೆ ಹೊಂದುವ ಸಾಧನಗಳ ಬೆಳಕನ್ನು ವಿಂಡೋಸ್ ಸೆಟ್ಟಿಂಗ್ಸ್‌ನಲ್ಲೇ ಬದಲಿಸಬಹುದು. ಲಿನಕ್ಸ್ ಬಳಸುವವರಿಗೆ ಪೈಪರ್ ಎಂಬ ಮುಕ್ತ ತಂತ್ರಾಂಶವಿದೆ. ಅಂದಮೇಲೆ ಭಾರದ ಸಾಫ್ಟ್‌ವೇರ್ ಅನಿವಾರ್ಯವಲ್ಲ. ಅದು ಕಂಪನಿಗಳ ಆಯ್ಕೆ.

ಹಾಗಾಗಿ ಡಬ್ಬದ ಮೇಲೆ ಬಣ್ಣಗಳ ಲೆಕ್ಕದ ಜೊತೆಗೆ ಮೂರು ಮಾತು ಅಚ್ಚಾಗಲಿ: ಒಳಗೆ ಮೆಮೊರಿ ಇದೆಯೇ, ಖಾತೆ ಕಡ್ಡಾಯವೇ, ಇಂಟರ್ನೆಟ್ ಇಲ್ಲದೆ ಸೆಟ್ಟಿಂಗ್ ಬದಲಿಸಬಹುದೇ. ಕಂಪನಿಗಳು ತಾವಾಗಿ ಬರೆಯುವವರೆಗೂ ಅಂಗಡಿಯಲ್ಲಿ ನಾವೇ ಕೇಳೋಣ. ಪಾಕೆಟ್ ಮನಿ ಉಳಿಸಿ ಕೊಳ್ಳುವ ವಸ್ತು ಅದು. ಕೇಳಲು ನಾಚಿಕೆಯೇಕೆ?