ಕೋಚ್‌ನ ತಲೆದಂಡ, ಫೆಡರೇಷನ್ನಿನ ನೆಮ್ಮದಿ

2025ರ ನವೆಂಬರ್ 18ರಂದು ಢಾಕಾದಲ್ಲಿ ಭಾರತದ ಫುಟ್‌ಬಾಲ್ ತಂಡ ಬಾಂಗ್ಲಾದೇಶಕ್ಕೆ 0–1ರಿಂದ ಸೋತಿತು. ಆ ತಂಡದ ಎದುರು ಇಪ್ಪತ್ತೆರಡು ವರ್ಷಗಳಲ್ಲಿ ಮೊದಲ ಸೋಲು. ಎರಡೂ ತಂಡಗಳು ಏಷ್ಯನ್ ಕಪ್ ಅರ್ಹತೆಯಿಂದ ಆಗಲೇ ಹೊರಬಿದ್ದಿದ್ದವು, ಉಳಿದಿದ್ದದ್ದು ಮಾನದ ಪ್ರಶ್ನೆ ಮಾತ್ರ. ಆ ಮಾನವೂ ಹೋಯಿತು. ಕೂಡಲೇ ಪರಿಹಾರ ಸೂಚಿಸುವವರು ಎದ್ದರು: ಕೋಚ್ ಖಾಲಿದ್ ಜಮೀಲ್ ಅವರನ್ನು ತೆಗೆದುಹಾಕಿ. ಜಮೀಲ್ ಆ ಹುದ್ದೆಗೆ ಬಂದು ನಾಲ್ಕು ತಿಂಗಳೂ ತುಂಬಿರಲಿಲ್ಲ. ಅವರಿಗಿಂತ ಮುಂಚೆ ಬಂದಿದ್ದ ಸ್ಪೇನ್‌ನ ಮನೋಲೊ ಮಾರ್ಕ್ವೆಜ್ ವರ್ಷ ತುಂಬುವುದರೊಳಗೆ ಗಂಟುಮೂಟೆ ಕಟ್ಟಿದ್ದರು. ಅದಕ್ಕೂ ಮುಂಚಿನ ಕ್ರೊವೇಷ್ಯಾದ ಇಗೊರ್ ಸ್ಟಿಮ್ಯಾಚ್ ಅವರನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನೇ ಕಿತ್ತುಹಾಕಿತ್ತು. ಈ ಬದಲಾವಣೆಗಳೆಲ್ಲ ನಡೆಯುತ್ತಿದ್ದಾಗ, 2023ರ ಜುಲೈನಲ್ಲಿ 99 ಇದ್ದ ಫಿಫಾ ರ‍್ಯಾಂಕಿಂಗ್ 142ಕ್ಕೆ ಜಾರಿತು.

ಆದರೂ ನಮಗೆ ಬುದ್ಧಿ ಬಂದಂತಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮಗೆ ರೂಢಿಯಾಗಿಬಿಟ್ಟಿದೆ.

ಕೋಚ್‌ನನ್ನು ಯಾವ ಕಾಲಕ್ಕೂ ತೆಗೆಯಬಾರದು ಎನ್ನುವುದು ನನ್ನ ವಾದವಲ್ಲ. ತಂಡದ ಯೋಗ್ಯತೆಗೂ ತಂಡದ ಫಲಿತಾಂಶಕ್ಕೂ ನಡುವೆ ದೊಡ್ಡ ಅಂತರವಿದ್ದರೆ, ಅಂದರೆ ಒಳ್ಳೆಯ ಆಟಗಾರರು ಕೆಟ್ಟದಾಗಿ ಆಡುತ್ತಿದ್ದರೆ, ಕೋಚ್ ಹೋಗಬೇಕು, ತಡಮಾಡದೆ ಹೋಗಬೇಕು. ಫಲಿತಾಂಶ ಆಟಗಾರರ ಮಟ್ಟಕ್ಕೆ ಸರಿಯಾಗಿಯೇ ಇದ್ದರೆ ಕೋಚ್‌ನನ್ನು ಕಳಿಸುವುದರಿಂದ ಒಂದೇ ಒಂದು ಕೆಲಸ ಆಗುತ್ತದೆ: ಆತನನ್ನು ತಂದು ಕೂರಿಸಿದವರು ಮತ್ತೊಂದು ವರ್ಷ ನಿಶ್ಚಿಂತೆಯಿಂದ ಇರುತ್ತಾರೆ.

ಸ್ಟಿಮ್ಯಾಚ್ ಪ್ರಕರಣವನ್ನೇ ತೆಗೆದುಕೊಳ್ಳಿ. 2024ರ ಜೂನ್ 11, ದೋಹಾ. ವಿಶ್ವಕಪ್ ಅರ್ಹತೆಯ ಎರಡನೇ ಸುತ್ತಿನ ಕೊನೆಯ ಪಂದ್ಯ, ಎದುರಾಳಿ ಕತಾರ್. ಗೆದ್ದರೆ ಭಾರತ ಮೊದಲ ಬಾರಿಗೆ ಮೂರನೇ ಸುತ್ತಿಗೆ. 37ನೇ ನಿಮಿಷದಲ್ಲಿ ಲಾಲಿಯಾನ್‌ಜುವಾಲಾ ಛಾಂಗ್ಟೆ ಗೋಲು ಹೊಡೆದಿದ್ದರು, 72 ನಿಮಿಷ ಕಳೆದರೂ ಭಾರತವೇ ಮುಂದಿತ್ತು. ಆಗ ಕತಾರ್‌ಗೆ ಒಂದು ಫ್ರೀ ಕಿಕ್. ಯೂಸುಫ್ ಅಯ್ಮೆನ್ ಹೊಡೆದ ಹೆಡರನ್ನು ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು ತಡೆದು ನೆಲಕ್ಕೆ ಬಿದ್ದರು. ಚೆಂಡು ಅವರ ಕಾಲ ಬಳಿಯಿಂದ ಉರುಳಿ ಗೋಲ್ ಕಂಬದ ಪಕ್ಕದಲ್ಲೇ ಗೆರೆ ದಾಟಿ ಹೊರಗೆ ಹೋಯಿತು. ಕಾರ್ನರ್ ಎಂದುಕೊಂಡು ನಮ್ಮ ಹುಡುಗರು ನಿಂತರು. ಕತಾರ್‌ನ ಹಾಶ್ಮಿ ಹುಸೇನ್ ಹೊರಗಿನ ಚೆಂಡನ್ನು ಕಾಲಲ್ಲಿ ಒಳಗೆಳೆದರು, ಅಯ್ಮೆನ್ ಬಲೆಗೆ ತಳ್ಳಿದರು, ರೆಫರಿ ಗೋಲು ಎಂದರು. ಆ ಸುತ್ತಿನಲ್ಲಿ ವಿಡಿಯೊ ನೋಡಿ ತೀರ್ಪು ತಿದ್ದುವ ವಿಎಆರ್ ಇರಲಿಲ್ಲ. 85ನೇ ನಿಮಿಷದಲ್ಲಿ ಇನ್ನೊಂದು ಗೋಲು ಬಂತು, ಭಾರತ 1–2ರಿಂದ ಸೋತು ಹೊರಬಿತ್ತು. ಆರು ದಿನಗಳ ನಂತರ ಸ್ಟಿಮ್ಯಾಚ್ ವಜಾ.

ಲೈನ್‌ಮನ್ ಬಾವುಟ ಎತ್ತಿದ್ದರೆ? ಉಳಿದ ಹದಿನೇಳು ನಿಮಿಷ ಹೇಗೋ ಕಳೆದಿದ್ದರೆ ಇದೇ ಸ್ಟಿಮ್ಯಾಚ್‌ಗೆ ಕೋಲ್ಕತ್ತದಲ್ಲಿ ಹಾರ ಬೀಳುತ್ತಿತ್ತು. ತಂಡ ಅದೇ, ಆಟ ಅದೇ, ಐದು ವರ್ಷದ ಕೆಲಸವೂ ಅದೇ. ಒಬ್ಬ ಮನುಷ್ಯನ ಐದು ವರ್ಷದ ಯೋಗ್ಯತೆಯನ್ನು ಗೆರೆಯಿಂದ ಒಂದಿಷ್ಟು ಆಚೆ ಉರುಳಿದ ಚೆಂಡು ನಿರ್ಧರಿಸುತ್ತದೆ ಎಂದಾದರೆ, ನಾವು ಅಳೆದದ್ದು ಯೋಗ್ಯತೆಯನ್ನಲ್ಲ.

ಹಾಗೆಂದು ಸ್ಟಿಮ್ಯಾಚ್ ಮೇಲೆ ನನಗೆ ಮಮತೆಯೇನೂ ಇಲ್ಲ. 2024ರ ಮಾರ್ಚ್‌ನಲ್ಲಿ, ಹಲವು ಪ್ರಮುಖ ಆಟಗಾರರು ತಮ್ಮ ಫೆಡರೇಷನ್ ವಿರುದ್ಧ ಮುನಿಸಿಕೊಂಡು ದೂರ ಉಳಿದಿದ್ದ ಅಫ್ಗಾನಿಸ್ತಾನಕ್ಕೆ ಗುವಾಹಟಿಯಲ್ಲಿ 1–2ರಿಂದ ಸೋತದ್ದಕ್ಕೆ ಅವರೇ ಉತ್ತರ ಕೊಡಬೇಕಿತ್ತು. ಅಲ್ಲಿ ನಮ್ಮ ತಂಡ ತನ್ನ ಯೋಗ್ಯತೆಗಿಂತ ಕೆಳಗೆ ಆಡಿತು. ಅದಕ್ಕಿಂತ ಮುಖ್ಯ ಇನ್ನೊಂದಿದೆ. 2022ರ ಏಷ್ಯನ್ ಕಪ್ ಅರ್ಹತಾ ಪಂದ್ಯಗಳ ಹೊತ್ತಿಗೆ ಅವರು ಆಟಗಾರರ ಪಟ್ಟಿಯನ್ನು ಜ್ಯೋತಿಷಿಯೊಬ್ಬರಿಗೆ ಕಳಿಸಿ ಯಾರ ಗ್ರಹಗತಿ ನೆಟ್ಟಗಿದೆ ಎಂದು ಕೇಳುತ್ತಿದ್ದರೆಂದು 2023ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆಯಲ್ಲಿ ವರದಿ ಬಂತು. ಜ್ಯೋತಿಷಿಯನ್ನು ಗೊತ್ತುಮಾಡಿಕೊಟ್ಟದ್ದು ಫೆಡರೇಷನ್ನಿನ ಕಡೆಯವರೇ ಎಂದೂ ಅದರಲ್ಲಿತ್ತು. ಕೋಚ್‌ನನ್ನು ಮನೆಗೆ ಕಳಿಸಲು ಇದಕ್ಕಿಂತ ದೊಡ್ಡ ಕಾರಣ ಬೇಕೆ? ಆದರೆ ಫೆಡರೇಷನ್ ಮಾಡಿದ್ದೇನು? ಮರು ತಿಂಗಳೇ ಅವರ ಒಪ್ಪಂದವನ್ನು 2026ರ ತನಕ ವಿಸ್ತರಿಸಿತು. ಎಂಟು ತಿಂಗಳ ನಂತರ ಅದೇ ಒಪ್ಪಂದವನ್ನು ಹರಿದು ಹಾಕಿ, ಕೊನೆಗೆ ಸುಮಾರು 4 ಲಕ್ಷ ಡಾಲರ್ ಪರಿಹಾರ ಕೊಡಬೇಕಾಗಿ ಬಂತೆಂದು ವರದಿಯಾಯಿತು. ಆ ವಿಸ್ತರಣೆಗೆ ಸಹಿ ಹಾಕಿದ ಫೆಡರೇಷನ್‌ನ ಹೊಣೆ ಏನು ಎಂದು ಯಾರೂ ಗಟ್ಟಿಯಾಗಿ ಕೇಳಲಿಲ್ಲ, ಏಕೆಂದರೆ ತಲೆದಂಡ ಆಗಲೇ ಆಗಿತ್ತು.

ಈಗ ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಒಂದು ಗಟ್ಟಿ ಉದಾಹರಣೆ. 2024ರ ಜನವರಿಯಲ್ಲಿ ಐವರಿ ಕೋಸ್ಟ್ ತನ್ನದೇ ನೆಲದಲ್ಲಿ ಆಫ್ರಿಕಾ ಕಪ್ ನಡೆಸುತ್ತಿತ್ತು. ಗುಂಪು ಹಂತದ ಕೊನೆಯ ಪಂದ್ಯದಲ್ಲಿ ಈಕ್ವಟೋರಿಯಲ್ ಗಿನಿ ಎದುರು 0–4 ಸೋಲು. ಟೂರ್ನಿ ನಡೆಯುತ್ತಿರುವಾಗಲೇ ಕೋಚ್ ಜಾನ್-ಲೂಯಿ ಗಾಸೆ ನಿರ್ಗಮಿಸಿದರು. ಫ್ರಾನ್ಸ್ ಮಹಿಳಾ ತಂಡದ ಕೋಚ್ ಎರ್ವೆ ರೆನಾರ್ ಅವರನ್ನು ಎರವಲು ಕೇಳಿ ನೋಡಿದರು, ಸಿಗಲಿಲ್ಲ. ಸಹಾಯಕನಾಗಿದ್ದ ಎಮರ್ಸ್ ಫಾಯ್ ಕೈಗೆ ತಂಡ ಬಂತು. ಅಂಕಪಟ್ಟಿಯ ಲೆಕ್ಕಾಚಾರದಲ್ಲಿ ಹೇಗೋ ನುಸುಳಿದ ತಂಡ ಸೆನೆಗಲ್, ಮಾಲಿ, ಕಾಂಗೊಗಳನ್ನು ದಾಟಿ ಫೆಬ್ರುವರಿ 11ರಂದು ನೈಜೀರಿಯಾವನ್ನು 2–1ರಿಂದ ಸೋಲಿಸಿ ಕಪ್ ಎತ್ತಿತು. ಮೊರಾಕ್ಕೊ ಕತೆಯೂ ಹೀಗೆಯೇ. 2022ರ ವಿಶ್ವಕಪ್‌ಗೆ ಮೂರು ತಿಂಗಳಿರುವಾಗ ವಾಹಿದ್ ಹಲಿಲ್‌ಹೋಜಿಚ್ ಅವರನ್ನು ಕಳಿಸಿ ವಲೀದ್ ರೆಗ್ರಾಗಿ ಅವರನ್ನು ತಂದಿತು, ಸೆಮಿಫೈನಲ್ ತಲುಪಿತು. ಇಂಥವನ್ನು ಅದೃಷ್ಟ ಎಂದು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಕೋಚ್ ಬದಲಾದದ್ದೇ ಅಲ್ಲಿ ಕೆಲಸ ಮಾಡಿತು.

ಆದರೆ ಏಕೆ ಕೆಲಸ ಮಾಡಿತು? ಐವರಿ ಕೋಸ್ಟ್ ಪರವಾಗಿ ಫೈನಲ್‌ನಲ್ಲಿ ಗೋಲು ಹೊಡೆದವರು ಫ್ರಾಂಕ್ ಕೆಸ್ಸಿ ಮತ್ತು ಸೆಬಾಸ್ಟಿಯನ್ ಹಾಲೆರ್, ಯುರೋಪಿನ ದೊಡ್ಡ ಕ್ಲಬ್‌ಗಳಲ್ಲಿ ಪಳಗಿದವರು. ಮೊರಾಕ್ಕೊದಲ್ಲಿ ಹಕೀಮಿಯಂಥ ಆಟಗಾರರು ಇದ್ದರು. ಹಿಂದಿನ ಕೋಚ್ ಜೊತೆ ಜಗಳವಾಡಿ ದೂರವಾಗಿದ್ದ ಜಿಯೆಶ್, ಹೊಸಬರು ಬಂದ ಕೂಡಲೇ ಮರಳಿದರು. ಸರಕು ಕಣಜದಲ್ಲಿತ್ತು, ಬೀಗದ ಕೈ ಹಿಡಿದವನು ಸರಿಯಿರಲಿಲ್ಲ. ನಮ್ಮ ಕಣಜದಲ್ಲಿ ಏನಿದೆ ಎಂಬುದಕ್ಕೆ ಒಂದೇ ಸಾಕ್ಷಿ ಸಾಕು. ಸುನಿಲ್ ಚೆಟ್ರಿ 2024ರ ಜೂನ್‌ನಲ್ಲಿ 94 ಅಂತರರಾಷ್ಟ್ರೀಯ ಗೋಲುಗಳೊಂದಿಗೆ ನಿವೃತ್ತರಾದರು. ಮುಂದಿನ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಋತುವಿನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಭಾರತೀಯ ಯಾರು? ಬೆಂಗಳೂರು ಎಫ್‌ಸಿಯ ಅದೇ ಚೆಟ್ರಿ, ನಲವತ್ತರ ವಯಸ್ಸಿನಲ್ಲಿ, 14 ಗೋಲು. ಮಾರ್ಕ್ವೆಜ್ ಬೇರೆ ದಾರಿ ಕಾಣದೆ 2025ರ ಮಾರ್ಚ್‌ನಲ್ಲಿ ಅವರನ್ನೇ ಮರಳಿ ಕರೆದರು. ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ವಿರುದ್ಧ ಚೆಟ್ರಿ ಗೋಲನ್ನೂ ಹೊಡೆದರು. ಮಾರ್ಕ್ವೆಜ್ ಎಂಟು ಪಂದ್ಯಗಳಲ್ಲಿ ಗೆದ್ದದ್ದು ಅದೊಂದನ್ನೇ.

ನಮ್ಮಲ್ಲಿ ಗೋಲು ಹೊಡೆಯುವವರು ಹುಟ್ಟುವುದಿಲ್ಲವೇ? ಹುಟ್ಟುತ್ತಾರೆ. ಆದರೆ ಕ್ಲಬ್‌ಗಳು ಮುಂಚೂಣಿಯ ನಡುವಿನ ಜಾಗಕ್ಕೆ ವಿದೇಶಿಯನ್ನು ಕೊಳ್ಳುತ್ತವೆ, ನಮ್ಮವನನ್ನು ವಿಂಗ್‌ಗೆ ತಳ್ಳುತ್ತವೆ, ಇಲ್ಲವೇ ಬೆಂಚಿನಲ್ಲಿ ಕೂರಿಸುತ್ತವೆ. ಕ್ಲಬ್‌ನ ದೃಷ್ಟಿಯಿಂದ ಅದು ತಪ್ಪೂ ಅಲ್ಲ, ಅವರಿಗೆ ಈ ಶನಿವಾರ ಗೆಲ್ಲಬೇಕು. ಕ್ಲಬ್ ಕೋಚ್‌ಗೆ ಸ್ಟ್ರೈಕರ್ ಇಲ್ಲದಿದ್ದರೆ ಕೊಳ್ಳಬಹುದು. ರಾಷ್ಟ್ರೀಯ ಕೋಚ್‌ಗೆ ಯಾರನ್ನೂ ಕೊಳ್ಳಲಾಗದು, ಇದ್ದವರನ್ನು ವರ್ಷಕ್ಕೆ ಕೆಲವೇ ವಾರ ನೋಡಿ, ಕೆಲವೇ ದಿನ ತರಬೇತಿ ಕೊಟ್ಟು ಕಣಕ್ಕೆ ಇಳಿಸಬೇಕು. 2025ರ ಆಗಸ್ಟ್‌ನಲ್ಲಿ ಜಮೀಲ್ ಬೆಂಗಳೂರಿನಲ್ಲಿ ಮೊದಲ ಶಿಬಿರ ಹೂಡಿದಾಗ ಮೋಹನ್ ಬಗಾನ್ ಕ್ಲಬ್ ತನ್ನ ಆಟಗಾರರನ್ನು ಬಿಟ್ಟುಕೊಡಲೇ ಇಲ್ಲ.

“ನೂರನಲವತ್ತು ಕೋಟಿ ಜನರಲ್ಲಿ ಹನ್ನೊಂದು ಮಂದಿ ಸಿಗುವುದಿಲ್ಲವೇ?” ಎಂಬ ಪ್ರಶ್ನೆಗೆ ಕುರಸಾವ್ ಒಳ್ಳೆಯ ಉತ್ತರ. ಕೆರಿಬಿಯನ್ ಸಮುದ್ರದ ಈ ಪುಟ್ಟ ದ್ವೀಪದ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ, ನಮ್ಮ ಒಂದು ತಾಲ್ಲೂಕಿನಷ್ಟು. ಢಾಕಾದಲ್ಲಿ ನಾವು ಸೋತ ದಿನವೇ ಅದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 0–0 ಡ್ರಾ ಮಾಡಿಕೊಂಡು, ವಿಶ್ವಕಪ್‌ಗೆ ಅರ್ಹತೆ ಪಡೆದ ಅತಿ ಚಿಕ್ಕ ದೇಶವಾಯಿತು. (ಸ್ಟಿಮ್ಯಾಚ್ 2019ರಲ್ಲಿ ಭಾರತದ ಕೋಚ್ ಆಗಿ ಆಡಿಸಿದ ಮೊದಲ ಪಂದ್ಯವೇ ಕುರಸಾವ್ ಎದುರು, 1–3 ಸೋಲು. ಆಗ ನಮ್ಮವರಲ್ಲಿ ಅನೇಕರು ಆ ದೇಶ ಎಲ್ಲಿದೆ ಎಂದು ನಕಾಶೆ ಹುಡುಕಿದ್ದರು.) ಕಿಂಗ್‌ಸ್ಟನ್ನಿನ ಆ ರಾತ್ರಿ ಅವರ ಕೋಚ್ ಡಿಕ್ ಅಡ್ವೊಕಾಟ್ ಮೈದಾನದಲ್ಲೇ ಇರಲಿಲ್ಲ, ಮನೆಯ ಕಾರಣಕ್ಕೆ ನೆದರ್ಲೆಂಡ್ಸ್‌ಗೆ ಹೋಗಿದ್ದರು. ಜಮೈಕಾದವರು ಹೊಡೆದ ಚೆಂಡು ಮೂರು ಸಲ ಗೋಲ್ ಕಂಬಕ್ಕೆ ಬಡಿದು ಮರಳಿತು, ಕೊನೆಗಳಿಗೆಯಲ್ಲಿ ಸಿಕ್ಕ ಪೆನಾಲ್ಟಿಯನ್ನು ವಿಎಆರ್ ಕಿತ್ತುಕೊಂಡಿತು. ಪಂದ್ಯ ಮುಗಿದೊಡನೆ ಜಮೈಕಾದ ಕೋಚ್ ಸ್ಟೀವ್ ಮೆಕ್ಲಾರೆನ್ ರಾಜೀನಾಮೆ ಘೋಷಿಸಿದರು. ಒಬ್ಬ ಕೋಚ್ ಸ್ಟೇಡಿಯಂನಲ್ಲಿ ಇಲ್ಲದೆಯೇ ಇತಿಹಾಸ ಬರೆದ, ಇನ್ನೊಬ್ಬ ಅಲ್ಲೇ ನಿಂತು ಕೆಲಸ ಕಳೆದುಕೊಂಡ. ಕುರಸಾವ್‌ನ ಆಟಗಾರರು ಹೆಚ್ಚುಕಮ್ಮಿ ಎಲ್ಲರೂ ನೆದರ್ಲೆಂಡ್ಸ್‌ನಲ್ಲೇ ಹುಟ್ಟಿ ಅಲ್ಲಿನ ಅಕಾಡೆಮಿಗಳಲ್ಲಿ ಬಾಲ್ಯದಿಂದ ಆಡಿ ಬೆಳೆದವರು. ಜನಸಂಖ್ಯೆ ಆಡುವುದಿಲ್ಲ. ಎಂಟನೇ ವಯಸ್ಸಿನಿಂದ ವಾರವಾರ ಲೀಗ್ ಪಂದ್ಯ ಆಡಿದ ಹುಡುಗ ಆಡುತ್ತಾನೆ.

ಕೋಚ್ ಇಲ್ಲದೆಯೂ ತಂಡ ಗೆಲ್ಲುವುದನ್ನು ನೋಡಲು ಅಷ್ಟು ದೂರ ಹೋಗುವುದೂ ಬೇಡ. ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್ 2023ರಲ್ಲಿ ನಡೆದದ್ದು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ. ಪಾಕಿಸ್ತಾನದ ಆಟಗಾರ ಥ್ರೋ ಎಸೆಯುವಾಗ ಅವನ ಕೈಯ ಚೆಂಡನ್ನು ತಟ್ಟಿ ಕೆಡವಿ ಸ್ಟಿಮ್ಯಾಚ್ ಕೆಂಪು ಕಾರ್ಡ್ ಪಡೆದರು, ಕುವೈತ್ ಎದುರು ಇನ್ನೊಂದು. ನಿಷೇಧ ಬಿತ್ತು. ಸೆಮಿಫೈನಲ್, ಫೈನಲ್ ಎರಡರಲ್ಲೂ ತಂಡವನ್ನು ನೋಡಿಕೊಂಡವರು ಸಹಾಯಕ ಕೋಚ್ ಮಹೇಶ್ ಗವಳಿ. ಭಾರತ ಎರಡನ್ನೂ ಪೆನಾಲ್ಟಿಯಲ್ಲಿ ಗೆದ್ದು ಕಪ್ ಹಿಡಿಯಿತು.

ಇದು ಬರೀ ಬಿಡಿ ಕತೆಗಳ ಮಾತಲ್ಲ. ನೆದರ್ಲೆಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ 1986ರಿಂದ 2004ರವರೆಗಿನ ಡಚ್ ಲೀಗಿನ ಫಲಿತಾಂಶಗಳನ್ನು ಜಾಲಾಡಿ ನೋಡಿದರು. ಸತತ ಸೋಲಿನ ನಂತರ ಕೋಚ್ ಬದಲಿಸಿದ ತಂಡಗಳು ಚೇತರಿಸಿಕೊಂಡಿದ್ದವು, ನಿಜ. ಆದರೆ ಅಷ್ಟೇ ಸೋತು ಕೋಚ್‌ನನ್ನು ಉಳಿಸಿಕೊಂಡ ತಂಡಗಳೂ ಅಷ್ಟೇ ಚೇತರಿಸಿಕೊಂಡಿದ್ದವು.

ವಿದೇಶಿ ಕೋಚ್‌ಗೆ ನಮ್ಮ ಹುಡುಗರ ಮನಸ್ಸು ತಿಳಿಯುವುದಿಲ್ಲ ಎನ್ನುತ್ತಿದ್ದವರಿಗೆ ಹದಿಮೂರು ವರ್ಷಗಳ ನಂತರ ಜಮೀಲ್ ರೂಪದಲ್ಲಿ ಭಾರತೀಯ ಕೋಚ್ ಸಿಕ್ಕಿ, ಮೂರೂವರೆ ತಿಂಗಳಲ್ಲಿ ಅವರೂ ಬೇಡವಾದರು.

ಇಷ್ಟು ಹೊತ್ತು ಕೋಚ್‌ಗಳ ಬಗ್ಗೆಯೇ ಮಾತಾಡಿದೆ. ಮೇಲಿನ ಮಹಡಿಗೂ ಹೋಗಬೇಕು. ಐಎಸ್‌ಎಲ್ ನಡೆಸುವ ಹಕ್ಕಿನ ಒಪ್ಪಂದಕ್ಕೆ ಸಹಿ ಬಿದ್ದದ್ದು 2010ರಲ್ಲಿ, ಹದಿನೈದು ವರ್ಷಕ್ಕೆ. ಅದು 2025ರ ಡಿಸೆಂಬರ್ 8ಕ್ಕೆ ಮುಗಿಯುತ್ತದೆಂದು ಫೆಡರೇಷನ್ನಿನ ಕಚೇರಿಗೆ ಹದಿನೈದು ವರ್ಷದಿಂದ ಗೊತ್ತಿತ್ತು. ಆದರೂ ಸೆಪ್ಟೆಂಬರ್‌ನಲ್ಲಿ ಲೀಗ್ ಶುರುವಾಗಲಿಲ್ಲ. ಹೊಸ ಟೆಂಡರ್ ಕರೆದು ನವೆಂಬರ್ 7ರ ಗಡುವು ಕೊಟ್ಟರು, ಒಂದೇ ಒಂದು ಬಿಡ್ ಬರಲಿಲ್ಲ. ಬೆಂಗಳೂರು ಎಫ್‌ಸಿ ಆಗಸ್ಟ್‌ನಲ್ಲೇ ತನ್ನ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿದಿತ್ತು. ಮಾರ್ಕ್ವೆಜ್ ಬಂದಾಗಲಂತೂ ಅವರಿಗೆ ಎಫ್‌ಸಿ ಗೋವಾದ ಕೆಲಸವನ್ನೂ ಜೊತೆಯಲ್ಲೇ ಮಾಡಿಕೊಳ್ಳಲು ಬಿಟ್ಟಿದ್ದರು. ದೇಶದ ತಂಡಕ್ಕೆ ಅರ್ಧ ಕೋಚ್ ಸಾಕು ಎಂದುಕೊಂಡವರು ಫಲಿತಾಂಶ ಮಾತ್ರ ಪೂರ್ತಿ ಬೇಕೆನ್ನುವುದು ಯಾವ ನ್ಯಾಯ? ಲೀಗ್ ಇಲ್ಲದೆ, ಸಂಬಳದ ಭರವಸೆ ಇಲ್ಲದೆ, ಮೈಯಲ್ಲಿ ಪಂದ್ಯದ ಬಿಸಿ ಇಲ್ಲದೆ ಬಂದ ಹುಡುಗರನ್ನು ಕಟ್ಟಿಕೊಂಡು ಜಮೀಲ್ ಅಕ್ಟೋಬರ್‌ನಲ್ಲಿ ಸಿಂಗಪುರದ ಎದುರು, ನವೆಂಬರ್‌ನಲ್ಲಿ ಬಾಂಗ್ಲಾದ ಎದುರು ಗೆಲ್ಲಬೇಕಿತ್ತಂತೆ!

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾಕ್ಕೆ 1–10ರಿಂದ ಸೋತಿತ್ತು. ನಮ್ಮವರಲ್ಲಿ ಹಲವರು ಆ ಚಳಿಯಲ್ಲಿ ಬರಿಗಾಲಲ್ಲಿ ಆಡಿದ್ದರು. ನಮ್ಮ ಕಡೆಯ ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಕೋಚ್ ಹೈದರಾಬಾದಿನ ಮೇಷ್ಟ್ರು ಸೈಯದ್ ಅಬ್ದುಲ್ ರಹೀಂ. ಇವತ್ತಿನ ಲೆಕ್ಕದಲ್ಲಿ ರಹೀಂ ವಿಮಾನ ಇಳಿಯುವ ಮೊದಲೇ ಮಾಜಿ ಆಗಿರುತ್ತಿದ್ದರು. ಆಗ ಬದಲಾದದ್ದು ಬೇರೆ: ಬೂಟು ಕಡ್ಡಾಯವಾಯಿತು, ಅದೇ ಹೆಲ್ಸಿಂಕಿಯಲ್ಲಿ ಚಿನ್ನ ಗೆದ್ದ ಹಂಗೇರಿಯ ಆಟದಿಂದ ರಹೀಂ ಪಾಠ ಕಲಿತರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ಅವರ ತಂಡ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ, ಒಲಿಂಪಿಕ್ಸ್ ಫುಟ್‌ಬಾಲ್ ಸೆಮಿಫೈನಲ್ ಮುಟ್ಟಿದ ಏಷ್ಯಾದ ಮೊದಲ ತಂಡವಾಯಿತು. 1962ರ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಏಷ್ಯನ್ ಗೇಮ್ಸ್ ಚಿನ್ನ ತಂದಿತು. ರಹೀಂ ಪ್ರತಿಭೆಯನ್ನು ನಾನು ಇಲ್ಲಿ ಹೊಗಳುತ್ತಿಲ್ಲ, ಅದಕ್ಕೆ ನನ್ನ ಶಿಫಾರಸು ಬೇಕಿಲ್ಲ. ಹತ್ತು ಗೋಲು ತಿಂದ ಮೇಲೂ ಸೋಲಿಗೆ ಕಾರಣವನ್ನು ಕೋಚ್‌ನ ಕುರ್ಚಿಯ ಆಚೆಗೂ ಹುಡುಕುವ ವ್ಯವಧಾನ ಆಗ ಇತ್ತು ಎನ್ನುತ್ತಿದ್ದೇನೆ.

ಇನ್ನುಳಿದದ್ದು ಹೊಣೆಗಾರಿಕೆಯ ಪ್ರಶ್ನೆ, ಅದು ನ್ಯಾಯವಾದದ್ದೇ. ಆಟಗಾರ ಫಾರ್ಮ್ ಕಳೆದುಕೊಂಡರೆ ತಂಡದಿಂದ ಹೊರಗೆ, ಕೋಚ್‌ಗೆ ಮಾತ್ರ ಏಕೆ ರಿಯಾಯಿತಿ? ತಾಳ್ಮೆಯ ಹೆಸರಲ್ಲಿ ಸೋಮಾರಿತನವನ್ನು ಸಾಕಬಹುದು ಎನ್ನುವುದೂ ನಿಜ. ರಿಯಾಯಿತಿ ಬೇಡ. ಆದರೆ ಕೋಚ್‌ನ ನೇಮಕವಾದ ದಿನವೇ ಆತನಿಂದ ಏನು ನಿರೀಕ್ಷೆ, ಎಷ್ಟು ದಿನದ ಶಿಬಿರ, ಎಷ್ಟು ಸ್ನೇಹಪರ ಪಂದ್ಯ, ಕ್ಲಬ್‌ಗಳಿಂದ ಆಟಗಾರರನ್ನು ಬಿಡಿಸಿಕೊಡುವ ಹೊಣೆ ಯಾರದು ಎಂಬುದನ್ನು ಫೆಡರೇಷನ್ ಬರೆದು ಪ್ರಕಟಿಸಲಿ. ವಜಾ ಮಾಡುವ ದಿನ ಅದೇ ಹಾಳೆಯನ್ನು ಹೊರತೆಗೆದು ಯಾರು ಯಾವ ಸಾಲಿಗೆ ತಪ್ಪಿದರು ಎಂದು ಓದಲಿ. ಆತನನ್ನು ಆರಿಸಿದ ತಾಂತ್ರಿಕ ಸಮಿತಿಯೂ, ಒಪ್ಪಂದಕ್ಕೆ ಸಹಿ ಹಾಕಿದ ಪದಾಧಿಕಾರಿಗಳೂ ಆ ದಿನ ಅದೇ ಮೇಜಿನ ಮುಂದೆ ಕೂತು ಉತ್ತರ ಕೊಡಲಿ. ಹೀಗೊಂದು ನಿಯಮ ಬಂದರೆ ಕೋಚ್‌ಗಳನ್ನು ಇಷ್ಟು ಬೇಗ ತೆಗೆಯುವ ಉತ್ಸಾಹ ಫೆಡರೇಷನ್‌ಗೆ ಉಳಿಯುವುದೆಂದು ನನಗೆ ಅನ್ನಿಸುವುದಿಲ್ಲ.