ಪೈಪೋಟಿ ಮತ್ತು ಮನ್ನಣೆ: ಗೇಲಿಕ್ ಫುಟ್‌ಬಾಲ್ ಅಭಿಮಾನಿಗಳ ಲೋಕದಲ್ಲಿ ಎದುರಾಳಿಯ ಸ್ಥಾನ

ಎದುರಾಳಿ ಸೋಲಲೇಬೇಕೆಂದು ಹಟ ಹಿಡಿದು ಕೂಗುವ ಅಭಿಮಾನಿಯು ಅದೇ ಎದುರಾಳಿಯನ್ನು ಮನಸಾರೆ ಗೌರವಿಸಬಲ್ಲನೇ, ಅಥವಾ ಗೌರವವೆಂಬುದು ಪೈಪೋಟಿಯ ಕಾವು ಆರಿದ ಮೇಲಷ್ಟೇ ಹುಟ್ಟುವ ಭಾವವೇ ಎಂಬುದು ಕ್ರೀಡೆಯ ಕುರಿತ ಚಿಂತನೆಯಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ. ಸಾಮಾನ್ಯ ತಿಳಿವಳಿಕೆಯು ಎರಡನೆಯ ಉತ್ತರದ ಕಡೆಗೆ ವಾಲುತ್ತದೆ. ಪೈಪೋಟಿ ಏರಿದಷ್ಟೂ ಗೌರವ ಇಳಿಯುತ್ತದೆಂದೂ, ಗೌರವ ಉಳಿಯಬೇಕಾದರೆ ಅಭಿಮಾನಕ್ಕೆ ಕಡಿವಾಣ ಹಾಕಬೇಕೆಂದೂ ಅದು ನಂಬುತ್ತದೆ. ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್ ಈ ನಂಬಿಕೆಯನ್ನು ಒರೆಗೆ ಹಚ್ಚಲು ತಕ್ಕ ಉದಾಹರಣೆಯಾಗಿದೆ. ಅಲ್ಲಿ ಪೈಪೋಟಿ ಅತ್ಯಂತ ಹಳೆಯದೂ ತೀವ್ರವೂ ಆಗಿರುವ ಕಡೆಯೇ ಮನ್ನಣೆಯೂ ಗಾಢವಾಗಿ ಬೇರು ಬಿಟ್ಟಿದೆ. ಇದರ ಕಾರಣವನ್ನು ಐರಿಷ್ ಜನರ ಸ್ವಭಾವದಲ್ಲಿ ಹುಡುಕುವುದಕ್ಕಿಂತ ಆ ಆಟವನ್ನು ಕಟ್ಟಿ ನಿಲ್ಲಿಸಿರುವ ಏರ್ಪಾಡುಗಳಲ್ಲಿ ಹುಡುಕುವುದು ಸರಿಯೆಂದೂ, ಆ ಮನ್ನಣೆಯನ್ನು ಕಾಯುವ ಹೊಣೆ ಸೋತವರಿಗಿಂತ ಗೆದ್ದವರ ಮೇಲೆಯೇ ಹೆಚ್ಚೆಂದೂ ತೋರಿಸುವುದು ಈ ಪ್ರಬಂಧದ ಉದ್ದೇಶ.

ಮೊದಲು ಆಟದ ಪರಿಚಯ ಅಗತ್ಯ. ಗೇಲಿಕ್ ಫುಟ್‌ಬಾಲಿನಲ್ಲಿ ತಂಡಕ್ಕೆ 15 ಆಟಗಾರರು. ಚೆಂಡನ್ನು ಕಾಲಿನಿಂದ ಒದೆಯಲೂಬಹುದು, ಕೈಯಲ್ಲಿ ಹಿಡಿಯಲೂಬಹುದು. ಗೋಲಿನ ಕಂಬಗಳು ಇಂಗ್ಲಿಷಿನ ‘ಎಚ್’ ಅಕ್ಷರದ ಆಕಾರದಲ್ಲಿರುತ್ತವೆ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಬಿದ್ದ ಚೆಂಡಿಗೆ ‘ಗೋಲ್’ ಎಂದು ಮೂರು ಅಂಕ, ಅದರ ಮೇಲಿಂದ ಕಂಬಗಳ ನಡುವೆ ಹಾದುಹೋದ ಚೆಂಡಿಗೆ ಒಂದು ‘ಪಾಯಿಂಟ್’. 2025ರಿಂದ ದೂರದ ಒದೆತಕ್ಕೆ ಎರಡು ಅಂಕ ಕೊಡುವ ನಿಯಮವೂ ಸೇರಿದೆ. ಅಂಕವನ್ನು 1-12 ಎಂದು ಬರೆದರೆ ಒಂದು ಗೋಲ್ ಮತ್ತು ಹನ್ನೆರಡು ಪಾಯಿಂಟ್, ಅಂದರೆ ಒಟ್ಟು 15 ಎಂದು ಅರ್ಥ. ಈ ಆಟವನ್ನೂ ಹರ್ಲಿಂಗ್ ಎಂಬ ಕೋಲುಚೆಂಡಾಟವನ್ನೂ ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್, ಅಂದರೆ ಜಿಎಎ, 1884ರ ನವೆಂಬರ್ 1ರಂದು ಟಿಪ್ಪರೇರಿ ಕೌಂಟಿಯ ಥರ್ಲ್ಸ್ ಪಟ್ಟಣದಲ್ಲಿ ಸ್ಥಾಪನೆಯಾಯಿತು. ಅಖಿಲ ಐರ್ಲೆಂಡ್ ಚಾಂಪಿಯನ್‌ಷಿಪ್ ಗೆದ್ದ ಕೌಂಟಿಗೆ 1928ರಿಂದ ಸ್ಯಾಮ್ ಮಗ್ವಾಯರ್ ಕಪ್ ಸಲ್ಲುತ್ತಿದೆ.

ಮನ್ನಣೆಯ ಮೊದಲ ಆಧಾರ ಕೌಂಟಿ ಎಂಬ ನೆಲೆಯಲ್ಲಿದೆ. ಐರ್ಲೆಂಡಿನ 32 ಕೌಂಟಿಗಳ ಗಡಿಗಳು ಇಂಗ್ಲಿಷ್ ಆಡಳಿತದ ಅನುಕೂಲಕ್ಕಾಗಿ ಹುಟ್ಟಿಕೊಂಡವು. ಆದರೆ ಅವುಗಳಿಗೆ ಜನರ ಎದೆಯಲ್ಲಿ ಜಾಗ ಸಿಕ್ಕಿದ್ದು ಬಹುಮಟ್ಟಿಗೆ ಜಿಎಎಯಿಂದ. ಆಟಗಾರನು ಸಾಮಾನ್ಯವಾಗಿ ತಾನು ಹುಟ್ಟಿ ಬೆಳೆದ ಊರಿನ ಕ್ಲಬ್ಬಿಗೆ ಆಡುತ್ತಾನೆ, ಆ ಕ್ಲಬ್ಬಿನ ಮೂಲಕವೇ ಕೌಂಟಿಯ ತಂಡವನ್ನು ಸೇರುತ್ತಾನೆ. ಹೆಚ್ಚು ಹಣ ಕೊಟ್ಟು ಬೇರೆ ಕೌಂಟಿಯ ಪ್ರತಿಭೆಯನ್ನು ಕೊಂಡು ತರುವ ಮಾರುಕಟ್ಟೆ ಅಲ್ಲಿಲ್ಲ. ಅಭಿಮಾನಿಯೂ ತಂಡವನ್ನು ಆರಿಸಿಕೊಳ್ಳುವುದಿಲ್ಲ. ಮನೆಮಾತು ಬಂದಂತೆ ತಂಡವೂ ಹುಟ್ಟಿನಿಂದಲೇ ಬರುತ್ತದೆ. ಇದರಿಂದ ಒಂದು ಮಹತ್ವದ ಪರಿಣಾಮವಾಗುತ್ತದೆ. ಎದುರಿನ ಕೌಂಟಿಯ ಬಣ್ಣ ತೊಟ್ಟವನು ತನ್ನಂತೆಯೇ ತನ್ನ ಮಣ್ಣಿಗೆ ನಿಷ್ಠನಾಗಿದ್ದಾನೆ, ಗಡಿಯ ಆಚೆ ಹುಟ್ಟಿದ್ದರೆ ತಾನೂ ಅದೇ ಬಣ್ಣ ತೊಡುತ್ತಿದ್ದೆ ಎಂಬುದು ಪ್ರತಿಯೊಬ್ಬ ಅಭಿಮಾನಿಗೂ ತಿಳಿದಿರುತ್ತದೆ. ಬೇಕೆಂದು ಆರಿಸಿಕೊಂಡ ಪಕ್ಷವನ್ನು ತಪ್ಪು ಆಯ್ಕೆಯೆಂದು ಜರೆಯಬಹುದು. ಹುಟ್ಟಿದೂರನ್ನು ಪ್ರೀತಿಸುವವನನ್ನು ಹಾಗೆ ಜರೆಯುವವನು ತನ್ನ ಪ್ರೀತಿಯನ್ನೇ ಅಲ್ಲಗಳೆದಂತಾಗುತ್ತದೆ.

ಎರಡನೆಯ ಆಧಾರ ಆಟಗಾರರ ಹವ್ಯಾಸಿತನ. ಎಂಬತ್ತು ಸಾವಿರಕ್ಕೂ ಮೀರಿದ ಜನರೆದುರು ಭಾನುವಾರ ಫೈನಲ್ ಆಡಿದವರಿಗೆ ಆಟಕ್ಕೆಂದು ಸಂಬಳವಿಲ್ಲ. ಪ್ರಯಾಣದ ಖರ್ಚು ಮತ್ತು ಅಲ್ಪಸ್ವಲ್ಪ ಅನುದಾನ ಬಿಟ್ಟರೆ ಅವರು ಶಾಲಾ ಶಿಕ್ಷಕರಾಗಿ, ರೈತರಾಗಿ, ಪೊಲೀಸರಾಗಿ, ಬ್ಯಾಂಕ್ ನೌಕರರಾಗಿ ದುಡಿದು ಬದುಕುವವರು. ದಿನದ ಕೆಲಸ ಮುಗಿಸಿ, ಚಳಿಗಾಲದ ಕತ್ತಲಲ್ಲಿ ಗಾಡಿ ಓಡಿಸಿಕೊಂಡು ಹೋಗಿ, ಕೆಸರು ಮೈದಾನದಲ್ಲಿ ಅಭ್ಯಾಸ ಮಾಡಿ ನಡುರಾತ್ರಿಗೆ ಮನೆ ಸೇರುವ ಬದುಕು ಎಂಥದೆಂಬುದು ಎಲ್ಲ ಕೌಂಟಿಗಳ ಜನರಿಗೂ ಗೊತ್ತು, ಏಕೆಂದರೆ ಆ ಬದುಕು ಅವರವರ ಮನೆಯಲ್ಲೋ ನೆರೆಮನೆಯಲ್ಲೋ ನಡೆಯುತ್ತಿರುತ್ತದೆ. ಎದುರಾಳಿ ಆಟಗಾರನ ತ್ಯಾಗವನ್ನು ಅಳೆಯಲು ಅಭಿಮಾನಿಗೆ ಬೇರೆ ಅಳತೆಗೋಲು ಬೇಕಿಲ್ಲ. ತನ್ನ ಮಗನ, ತಮ್ಮನ, ಸಹೋದ್ಯೋಗಿಯ ಬೆವರಿನ ಲೆಕ್ಕವೇ ಸಾಕು.

ಮೂರನೆಯ ಆಧಾರ ಅಭಿಮಾನಿಗಳು ಒಟ್ಟಿಗೆ ಕೂರುವ ರೂಢಿ. ಯುರೋಪಿನ ವೃತ್ತಿಪರ ಫುಟ್‌ಬಾಲಿನಲ್ಲಿ ಎರಡು ಪಕ್ಷದ ಅಭಿಮಾನಿಗಳನ್ನು ಬೇಲಿ ಹಾಕಿ, ಪೊಲೀಸರನ್ನು ನಿಲ್ಲಿಸಿ ಬೇರ್ಪಡಿಸುವುದು ಸಾಮಾನ್ಯ. ಗೇಲಿಕ್ ಮೈದಾನಗಳಲ್ಲಿ ಅಂಥ ವಿಂಗಡಣೆಯ ಪದ್ಧತಿಯಿಲ್ಲ. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ 82,300 ಜನ ಹಿಡಿಯುತ್ತಾರೆ. ಫೈನಲ್ಲಿನ ದಿನ ಒಂದೇ ಸಾಲಿನಲ್ಲಿ ಕೆರಿ ಕೌಂಟಿಯ ಹಸಿರು-ಹೊನ್ನಿನ ಬಣ್ಣವೂ ಡಬ್ಲಿನ್ನಿನ ನೀಲಿಯೂ ಪಕ್ಕಪಕ್ಕದಲ್ಲೇ ಇರುತ್ತವೆ, ಬೇರೆ ಬೇರೆ ಕೌಂಟಿಯ ಗಂಡಹೆಂಡಿರು ಎರಡು ಬಣ್ಣ ತೊಟ್ಟು ನಡುವೆ ಮಕ್ಕಳನ್ನು ಕೂರಿಸಿಕೊಳ್ಳುತ್ತಾರೆ. ಎದುರಾಳಿಯ ಮುಖ ಕಾಣದಷ್ಟು ದೂರದಲ್ಲಿದ್ದಾಗ ಸಲೀಸಾಗಿ ಬರುವ ಬೈಗುಳವು ಮಗ್ಗುಲಲ್ಲೇ ಅವನ ಮುದಿ ತಾಯಿ ಕೂತಿರುವಾಗ ಗಂಟಲಲ್ಲೇ ಉಳಿಯುತ್ತದೆ. ತೀರ್ಪುಗಾರರನ್ನು ಬೈಯುವುದು, ಚುಚ್ಚುಮಾತು, ಕಾಲೆಳೆಯುವುದು ಧಾರಾಳವಾಗಿಯೇ ನಡೆಯುತ್ತವೆ. ಆದರೆ ಅವೆಲ್ಲ ಎದುರಿಗಿರುವವರು ಕೇಳಿಸಿಕೊಂಡು ತಿರುಗಿ ಉತ್ತರ ಕೊಡಬಹುದಾದ ಮಾತುಗಳು.

ಈ ಬೆರಕೆಗೂ ಅಪವಾದವಿದೆ. ಕ್ರೋಕ್ ಪಾರ್ಕಿನ ಒಂದು ತುದಿಯಲ್ಲಿ ಜನ ನಿಂತುಕೊಂಡೇ ಆಟ ನೋಡುವ ‘ಹಿಲ್ 16’ ಎಂಬ ಇಳಿಜಾರಿನ ಕಟ್ಟೆಯನ್ನು ಡಬ್ಲಿನ್ ಅಭಿಮಾನಿಗಳು ತಮ್ಮದೆಂದೇ ಭಾವಿಸುತ್ತಾರೆ. 2006ರ ಸೆಮಿಫೈನಲ್ಲಿಗೆ ಮುನ್ನ ಮೇಯೊ ಕೌಂಟಿಯ ಆಟಗಾರರು ಆ ಕಟ್ಟೆಯ ಮುಂದಿನ ಅಂಗಳವನ್ನೇ ಆರಿಸಿಕೊಂಡು ಕಸರತ್ತಿಗೆ ಇಳಿದಾಗ ಡಬ್ಲಿನ್ ತಂಡವೂ ಅಲ್ಲಿಗೇ ಬಂದು, ಎರಡೂ ತಂಡಗಳು ಒಂದೇ ಗೋಲಿನ ಮುಂದೆ ಭುಜಕ್ಕೆ ಭುಜ ತಾಗಿಸಿಕೊಂಡು ಚೆಂಡು ಒದೆದವು. ಮೇಯೊ ಆ ಪಂದ್ಯವನ್ನು ಒಂದೇ ಅಂಕದಿಂದ ಗೆದ್ದಿತು. ಅತಿಥಿಯಾಗಿ ಬಂದವನು ಮನೆಯವನ ಜಗಲಿಯಲ್ಲೇ ಸವಾಲು ಹಾಕುವ ಇಂಥ ಕ್ರಿಯೆಯನ್ನು ಅಗೌರವವೆಂದು ಕರೆಯುವುದು ಸುಲಭ. ಆದರೆ ಎದುರಾಳಿಯ ಪವಿತ್ರ ಜಾಗ ಯಾವುದೆಂದು ಬಲ್ಲವನು ಮಾತ್ರ ಅದನ್ನು ಕೆಣಕಬಲ್ಲನೆಂಬುದನ್ನೂ, ಆ ಅರಿವಿನಲ್ಲಿಯೇ ಮನ್ನಣೆಯ ಒಂದು ರೂಪ ಅಡಗಿದೆಯೆಂಬುದನ್ನೂ ಗಮನಿಸಬೇಕು.

ಅರಿವು ಹುಟ್ಟುವುದು ಮತ್ತೆ ಮತ್ತೆ ಎದುರಾಗುವುದರಿಂದ. ಕೆರಿ ಮತ್ತು ಡಬ್ಲಿನ್ ತಂಡಗಳು 1975ರಿಂದ 1979ರವರೆಗೆ ಐದು ವರ್ಷವೂ ಚಾಂಪಿಯನ್‌ಷಿಪ್ಪಿನಲ್ಲಿ ಎದುರಾದವು. ಕೆರಿ ಮೂರು ಬಾರಿ, ಡಬ್ಲಿನ್ ಎರಡು ಬಾರಿ ಗೆದ್ದವು. 1977ರ ಸೆಮಿಫೈನಲ್ಲನ್ನು ಇಂದಿಗೂ ಅನೇಕರು ಆಟದ ಇತಿಹಾಸದಲ್ಲೇ ಶ್ರೇಷ್ಠ ಪಂದ್ಯವೆನ್ನುತ್ತಾರೆ. 1978ರ ಫೈನಲ್ಲಿನಲ್ಲಿ ಡಬ್ಲಿನ್ ಗೋಲ್‌ಕೀಪರ್ ಪ್ಯಾಡಿ ಕಲನ್ ತೀರ್ಪಿಗೆ ತಕರಾರು ಎತ್ತಿ ಗೋಲಿನಿಂದ ಮುಂದೆ ಬಂದಿದ್ದಾಗ ಕೆರಿಯ ಮೈಕಿ ಶೀಹಿ ಚೆಂಡನ್ನು ಅವರ ತಲೆಯ ಮೇಲಿಂದ ಬಲೆಗೆ ಹಾಕಿದ್ದನ್ನು ಎರಡೂ ಕೌಂಟಿಯವರು ಬಾಯಿಪಾಠವಾದ ಕಥೆಯಂತೆ ಹೇಳುತ್ತಾರೆ. 1977ರ ನಂತರ ಡಬ್ಲಿನ್ ಚಾಂಪಿಯನ್‌ಷಿಪ್ಪಿನಲ್ಲಿ ಕೆರಿಯನ್ನು ಮತ್ತೆ ಸೋಲಿಸಿದ್ದು 2011ರ ಫೈನಲ್ಲಿನಲ್ಲಿ, ಗೋಲ್‌ಕೀಪರ್ ಸ್ಟೀಫನ್ ಕ್ಲಕ್ಸ್‌ಟನ್ ಕೊನೆಯ ಗಳಿಗೆಯಲ್ಲಿ ಒದೆದ ಫ್ರೀ ಕಿಕ್ಕಿನಿಂದ, ಒಂದೇ ಅಂಕದ ಅಂತರದಲ್ಲಿ. ಹಾಗೆಯೇ 1991ರಲ್ಲಿ ನೆರೆಯ ಕೌಂಟಿಗಳಾದ ಡಬ್ಲಿನ್ ಮತ್ತು ಮೀದ್ ಲೆನ್‌ಸ್ಟರ್ ಪ್ರಾಂತ್ಯದ ಚಾಂಪಿಯನ್‌ಷಿಪ್ಪಿನ ಆರಂಭಿಕ ಸುತ್ತಿನಲ್ಲಿ ಮೂರು ಬಾರಿ ಸಮಬಲ ಸಾಧಿಸಿ, ನಾಲ್ಕನೆಯ ಪಂದ್ಯದಲ್ಲಿ ಮೀದ್ ಒಂದು ಅಂಕದಿಂದ ಗೆದ್ದಿತು. ನಾಲ್ಕೂ ಪಂದ್ಯಗಳಿಗೆ ಸೇರಿದ ಜನ ಎರಡು ಲಕ್ಷಕ್ಕೂ ಹೆಚ್ಚು. ಕೆರಿಯ ಕಥೆಯಿಂದ ಡಬ್ಲಿನ್ನನ್ನು ತೆಗೆದರೆ ಅದರ ಅತ್ಯುತ್ತಮ ಅಧ್ಯಾಯಗಳೇ ಇಲ್ಲವಾಗುತ್ತವೆ; ಡಬ್ಲಿನ್ನಿನ ಕಥೆಯಿಂದ ಮೀದನ್ನು ತೆಗೆದರೂ ಹಾಗೆಯೇ. ಎದುರಾಳಿಯು ತನ್ನ ಹಿರಿಮೆಯ ಸಾಕ್ಷಿ ಎಂಬ ಈ ತಿಳಿವು ಪೈಪೋಟಿ ಮಾಗಿದಾಗ ಮಾತ್ರ ಕೈಗೂಡುವಂಥದು.

ನಾಲ್ಕನೆಯ ಆಧಾರ ನಿಷ್ಠೆಯ ಪದರಗಳು. ಕ್ಲಬ್ ಮಟ್ಟದಲ್ಲಿ ಕಡುವೈರಿಗಳಾದ ಎರಡು ಊರಿನವರು ಕೌಂಟಿ ತಂಡದಲ್ಲಿ ಒಂದೇ ಅಂಗಿ ತೊಡಬೇಕಾಗುತ್ತದೆ. ಹೀಗಾಗಿ ಇಂದಿನ ಎದುರಾಳಿ ನಾಳೆ ಜೊತೆಗಾರನಾಗುವ ಸಾಧ್ಯತೆ ಸದಾ ತೆರೆದಿರುತ್ತದೆ. ಈ ಪದರಗಳ ಬಲ ಎಷ್ಟೆಂಬುದನ್ನು ಕೆರಿಯ ಇತಿಹಾಸ ತೋರಿಸುತ್ತದೆ. ಬ್ರಿಟನ್ನಿನೊಂದಿಗಿನ ಒಪ್ಪಂದವನ್ನು ಒಪ್ಪಿದವರಿಗೂ ವಿರೋಧಿಸಿದವರಿಗೂ ನಡುವೆ 1922-23ರಲ್ಲಿ ನಡೆದ ಅಂತರ್ಯುದ್ಧ ಕೆರಿಯಲ್ಲಿ ಅತ್ಯಂತ ಕ್ರೂರವಾಗಿತ್ತು. ಹಾಗಿದ್ದೂ ಸರ್ಕಾರಿ ಸೇನೆಯ ಅಧಿಕಾರಿಯಾಗಿದ್ದ ಕಾನ್ ಬ್ರಾಸ್ನನ್ ಮತ್ತು ಒಪ್ಪಂದ ವಿರೋಧಿ ಪಡೆಯ ನಾಯಕನಾಗಿದ್ದ ಜಾನ್ ಜೋ ಶೀಹಿ 1924ರ ಚಾಂಪಿಯನ್‌ಷಿಪ್ ಗೆದ್ದ ಕೆರಿ ತಂಡದಲ್ಲಿ ಒಟ್ಟಿಗೆ ಆಡಿದರು. 1931ರಲ್ಲಿ ತಂಡದ ನಾಯಕತ್ವ ಒಪ್ಪಂದ ವಿರೋಧಿಯಾಗಿದ್ದ ಜೋ ಬ್ಯಾರೆಟ್‌ಗೆ ಸಲ್ಲಬೇಕಾಗಿತ್ತು. ಅವರು ತಮ್ಮವರ ಅಸಮಾಧಾನವನ್ನು ಲೆಕ್ಕಿಸದೆ ಅದನ್ನು ಬ್ರಾಸ್ನನ್‌ಗೆ ಬಿಟ್ಟುಕೊಟ್ಟರು. ಆಟವು ಅಂತರ್ಯುದ್ಧದ ಗಾಯವನ್ನು ಪೂರ್ತಿ ಮಾಯಿಸಿತೆಂದರೆ ಅತಿಶಯೋಕ್ತಿಯಾದೀತು. ಆದರೆ ಒಬ್ಬರನ್ನೊಬ್ಬರು ಕೊಲ್ಲಲು ಹೊರಟಿದ್ದವರು ಒಂದೇ ಗುರಿಗಾಗಿ ದುಡಿಯಬಲ್ಲ ಒಂದು ಅಂಗಳವನ್ನು ಅದು ಒದಗಿಸಿತೆಂಬುದು ನಿಜ.

ಇಷ್ಟರಿಂದ ಗೇಲಿಕ್ ಲೋಕವನ್ನು ಸೌಹಾರ್ದದ ಸ್ವರ್ಗವೆಂದು ಬಣ್ಣಿಸುವುದು ಸತ್ಯಕ್ಕೆ ದೂರವಾಗುತ್ತದೆ. 2010ರ ಜುಲೈ 11ರಂದು ನಡೆದ ಲೆನ್‌ಸ್ಟರ್ ಫೈನಲ್ ಇದಕ್ಕೆ ಕಹಿಯಾದ ನಿದರ್ಶನ. 1957ರಿಂದ ಪ್ರಾಂತ್ಯದ ಪ್ರಶಸ್ತಿಯನ್ನೇ ಕಾಣದಿದ್ದ ಪುಟ್ಟ ಲೌದ್ ಕೌಂಟಿ ಒಂದು ಅಂಕದಿಂದ ಮುಂದಿದ್ದಾಗ, ಕೊನೆಯ ನಿಮಿಷಗಳಲ್ಲಿ ಮೀದ್ ಆಟಗಾರನೊಬ್ಬ ಚೆಂಡನ್ನು ನಿಯಮಬಾಹಿರವಾಗಿ ಗೆರೆ ದಾಟಿಸಿದ್ದನ್ನು ಗೋಲೆಂದು ತೀರ್ಪು ಕೊಡಲಾಯಿತು. ಮೀದ್ 1-12, ಲೌದ್ 1-10 ಎಂದು ಪಂದ್ಯ ಮುಗಿಯಿತು. ರೊಚ್ಚಿಗೆದ್ದ ಕೆಲವು ಲೌದ್ ಅಭಿಮಾನಿಗಳು ಅಂಗಳಕ್ಕೆ ನುಗ್ಗಿ ತೀರ್ಪುಗಾರರ ಮೇಲೆ ಕೈಮಾಡಿದರು. ಆ ಕೃತ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ತೀರ್ಪು ತಪ್ಪೆಂಬುದು ಬಳಿಕ ಸ್ಪಷ್ಟವಾದರೂ ಮರುಪಂದ್ಯ ಆಡಿಸುವ ಅಧಿಕಾರ ಸಂಸ್ಥೆಗಿರಲಿಲ್ಲ. ಮೀದ್ ತಾನಾಗಿ ಮುಂದಾದರೆ ಮಾತ್ರ ಅದು ಸಾಧ್ಯವಿತ್ತು, ಮೀದ್ ಮುಂದಾಗಲಿಲ್ಲ. ನಿಯಮದ ಪ್ರಕಾರ ಮೀದಿನ ನಿಲುವಿನಲ್ಲಿ ತಪ್ಪಿಲ್ಲ. ಆದರೆ ಮರುಪಂದ್ಯ ಬೇಕೇ ಬೇಡವೇ ಎಂದು ಇಡೀ ದೇಶ ಅಂದು ನಡೆಸಿದ ಚರ್ಚೆಯ ತಿರುಳೆಂದರೆ, ಎದುರಾಳಿಯ ಮೇಲಿನ ಗೌರವಕ್ಕಾಗಿ ಗೆದ್ದವನು ನಿಯಮ ಕೇಳಿದ್ದಕ್ಕಿಂತ ಹೆಚ್ಚನ್ನು ಬಿಟ್ಟುಕೊಡಬೇಕೇ ಎಂಬುದೇ ಆಗಿತ್ತು. ಲೌದ್ 2025ರಲ್ಲಿ ಅದೇ ಮೀದನ್ನು ಫೈನಲ್ಲಿನಲ್ಲಿ ಸೋಲಿಸಿ 68 ವರ್ಷಗಳ ಬಳಿಕ ಪ್ರಶಸ್ತಿ ಪಡೆದಾಗ, ಉತ್ತರ ಸಿಗದ ಆ ಪ್ರಶ್ನೆಯ ನೆನಪು ಯಾರಿಗೂ ಮಾಸಿರಲಿಲ್ಲ.

ಈ ಪ್ರಸಂಗವು ವಾದದ ಎರಡನೆಯ ಅಂಶಕ್ಕೆ ದಾರಿ ಮಾಡಿಕೊಡುತ್ತದೆ. ಸೋತವನು ತೋರುವ ಗೌರವವನ್ನು ಲೋಕ ಹೊಗಳುತ್ತದೆ, ಏಕೆಂದರೆ ಅದು ಕಷ್ಟದ್ದೆಂದು ಕಣ್ಣಿಗೆ ಕಾಣುತ್ತದೆ; ಗೆದ್ದವನ ಗೌರವ ಸುಲಭದ್ದೆಂದು ತೋರಿದರೂ ಸಂಬಂಧದ ಮುಂದಿನ ಗತಿಯನ್ನು ನಿರ್ಧರಿಸುವುದು ಅದೇ. ಗೇಲಿಕ್ ಸಂಪ್ರದಾಯ ಇದನ್ನು ಬಲ್ಲದು. ಫೈನಲ್ ಗೆದ್ದ ನಾಯಕನು ಕಪ್ಪನ್ನು ಸ್ವೀಕರಿಸಿ ಮಾತಾಡುವಾಗ ಸೋತ ತಂಡಕ್ಕಾಗಿ ಮೂರು ಬಾರಿ ಜಯಕಾರ ಹಾಕಿಸುವುದು ವಾಡಿಕೆ. ಗೆಲುವಿನ ಸಂಭ್ರಮ ತುತ್ತತುದಿಯಲ್ಲಿರುವ ಹೊತ್ತಿಗೇ ಗೆದ್ದವರ ಗಂಟಲುಗಳನ್ನು ಎದುರಾಳಿಯ ಹೆಸರಿಗೆ ಮೀಸಲಿಡುವ ಶಿಸ್ತು ಅದು. ನಾಯಕನು ಮೆಟ್ಟಿಲೇರಿ ಕಪ್ಪನ್ನು ಎತ್ತುವ, ಕ್ರೋಕ್ ಪಾರ್ಕಿನ ಹೋಗನ್ ಸ್ಟ್ಯಾಂಡಿನ ಹೆಸರಿನಲ್ಲೂ ಇದೇ ಪಾಠವಿದೆ. 1920ರ ನವೆಂಬರ್ 21ರಂದು ಅಲ್ಲಿ ನಡೆದ ಡಬ್ಲಿನ್-ಟಿಪ್ಪರೇರಿ ಪಂದ್ಯದ ನಡುವೆ ಬ್ರಿಟಿಷ್ ಪಡೆಗಳು ನಡೆಸಿದ ಗುಂಡಿನ ದಾಳಿಯಲ್ಲಿ 14 ಮಂದಿ ಸತ್ತರು. ಅವರಲ್ಲೊಬ್ಬ ಟಿಪ್ಪರೇರಿಯ ಆಟಗಾರ ಮೈಕಲ್ ಹೋಗನ್. ಡಬ್ಲಿನ್ ನಗರದ ನಡುವಿನ ಈ ಮೈದಾನದಲ್ಲಿ ಅತ್ಯುನ್ನತ ಗೌರವದ ಜಾಗ ಹೊತ್ತಿರುವುದು ಡಬ್ಲಿನ್ನನ್ನು ಸೋಲಿಸಲೆಂದು ಬಂದಿದ್ದವನ ಹೆಸರು.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಒಂದೇ ಸಂಸ್ಕೃತಿಯ, ಬಹುಪಾಲು ಒಂದೇ ಧರ್ಮದ ಜನರ ನಡುವಿನ ಗೌರವವು ಮನೆಯೊಳಗಿನ ಹೊಂದಾಣಿಕೆಯಷ್ಟೇ ಆಗಿದ್ದು, ಹೊರಗಿನವನು ಎದುರಾದಾಗ ಉಳಿಯುವುದೇ ಎಂದು ಕೇಳಬಹುದು. ಜಿಎಎ ಇತಿಹಾಸದಲ್ಲಿ ಈ ಅನುಮಾನಕ್ಕೆ ಆಸ್ಪದವಿದೆ: ‘ವಿದೇಶಿ ಆಟ’ ಆಡಿದವರನ್ನು ಹೊರಗಿಡುವ ನಿಯಮ 1971ರವರೆಗೂ, ಬ್ರಿಟಿಷ್ ಸೈನಿಕರಿಗೂ ಉತ್ತರ ಐರ್ಲೆಂಡಿನ ಪೊಲೀಸರಿಗೂ ಸದಸ್ಯತ್ವ ನಿರಾಕರಿಸುವ ನಿಯಮ 2001ರವರೆಗೂ ಇದ್ದವು; ಉತ್ತರದ ಅನೇಕ ಪ್ರಾಟೆಸ್ಟೆಂಟರು ಈ ಆಟವನ್ನು ಇಂದಿಗೂ ತಮ್ಮದೆಂದು ಭಾವಿಸುವುದಿಲ್ಲ, ದೇಶದ ಅತ್ಯುನ್ನತ ಕಪ್ಪಿಗೆ ಹೆಸರಾದ ಸ್ಯಾಮ್ ಮಗ್ವಾಯರ್ ಸ್ವತಃ ಪ್ರಾಟೆಸ್ಟೆಂಟರಾಗಿದ್ದರೂ. ಆದರೂ ದಾರಿ ಮುಚ್ಚಿಲ್ಲ. ತನ್ನ ಮೈದಾನದಲ್ಲಿ ಇಂಥ ಆಟಗಳನ್ನು ತಡೆಯುತ್ತಿದ್ದ ನಿಯಮವನ್ನು ಸಂಸ್ಥೆ 2005ರಲ್ಲಿ ಸಡಿಲಿಸಿದ್ದರಿಂದ 2007ರ ಫೆಬ್ರುವರಿ 24ರಂದು ಇಂಗ್ಲೆಂಡಿನ ರಗ್ಬಿ ತಂಡ ಅದೇ ಕ್ರೋಕ್ ಪಾರ್ಕಿನಲ್ಲಿ ಆಡಿತು. ಬ್ರಿಟಿಷ್ ರಾಷ್ಟ್ರಗೀತೆ ಮೊಳಗಿದಾಗ ಜನ ಮರ್ಯಾದೆಯಿಂದ ನಿಂತು ಕೇಳಿದರು, ಬಳಿಕ ಐರ್ಲೆಂಡ್ 43-13ರಿಂದ ಗೆದ್ದಿತು. ಎದುರಾಳಿಯನ್ನು ಮನ್ನಿಸಿದ್ದರಿಂದ ಗೆಲ್ಲುವ ಛಲ ಎಳ್ಳಷ್ಟೂ ಕುಂದಲಿಲ್ಲ.

ಮನ್ನಣೆ ಏರ್ಪಾಡುಗಳ ಫಲವೆಂದಾದರೆ ಏರ್ಪಾಡುಗಳು ಸಡಿಲಗೊಂಡಾಗ ಅದೂ ಸಡಿಲಗೊಳ್ಳುತ್ತದೆ. ಡಬ್ಲಿನ್ 2015ರಿಂದ 2020ರವರೆಗೆ ಸತತ ಆರು ಬಾರಿ ಚಾಂಪಿಯನ್ ಆದಾಗ ಇತರ ಕೌಂಟಿಗಳಲ್ಲಿ ಮೆಚ್ಚುಗೆಯ ಜೊತೆಗೆ ಕಹಿಯೂ ಬೆಳೆಯಿತು. 14 ಲಕ್ಷಕ್ಕೂ ಮಿಕ್ಕ ಜನಸಂಖ್ಯೆಯ, ತರಬೇತಿಗೆ ಹೆಚ್ಚಿನ ಅನುದಾನ ಪಡೆದ ರಾಜಧಾನಿಯ ಎದುರು ಸುಮಾರು 35,000 ಜನರ ಲೀಟ್ರಿಮ್‌ನಂಥ ಕೌಂಟಿ ಎಂದಾದರೂ ಸಮನಾಗಿ ನಿಲ್ಲಬಲ್ಲದೇ ಎಂಬ ಪ್ರಶ್ನೆ ಬರಿಯ ಹೊಟ್ಟೆಕಿಚ್ಚಿನದಲ್ಲ. ಸೋಲು ಆಟದಿಂದ ಬಂದಾಗ ತಲೆಬಾಗಬಹುದು. ಲೆಕ್ಕಪುಸ್ತಕದಿಂದ ಬಂತೆಂಬ ಶಂಕೆ ಮೂಡಿದಾಗ ಗೆದ್ದ ಆಟಗಾರರ ನಿಜವಾದ ಪ್ರತಿಭೆಗೂ ಅನ್ಯಾಯವಾಗುತ್ತದೆ.

ಆದ್ದರಿಂದ ಅಭಿಮಾನಿಗಳಿಗೆ ಸಭ್ಯತೆಯ ಬುದ್ಧಿವಾದ ಹೇಳಿ ಗೌರವವನ್ನು ಬೆಳೆಸುತ್ತೇವೆಂಬ ಭಾವನೆ ಸಾಲದು. ಹಣದಿಂದ ಕೊಳ್ಳಲಾಗದ ತಂಡ, ಕೈಗೆಟಕುವ ದೂರದಲ್ಲಿ ಕೂತ ಎದುರಾಳಿ, ತಲೆಮಾರುಗಳುದ್ದಕ್ಕೂ ನಡೆಯುವ ಮುಖಾಮುಖಿ, ಇಂದಿನ ಎದುರಾಳಿಯನ್ನು ನಾಳೆ ಜೊತೆಗಾರನಾಗಿಸುವ ಪದರಗಳು, ಸಮಬಲದ ಸಾಧ್ಯತೆ ಇವಿಷ್ಟಿದ್ದಾಗ ಪೈಪೋಟಿಯ ಕಾವು ಎಷ್ಟೇ ಏರಲಿ, ಅದು ಹಗೆಯಾಗುವುದು ವಿರಳ. ಈ ಏರ್ಪಾಡುಗಳನ್ನು ಮುರಿಯುವ ಶಕ್ತಿ ಇರುವುದು ಸೋತವರಿಗಲ್ಲ. ಹಣ, ಜನಬಲ, ಅಧಿಕಾರ ಮತ್ತು ಗೆಲುವು ಯಾರ ಬಳಿ ಇವೆಯೋ ಅವರಿಗೆ. ಹಾಗಾಗಿ ಅವನ್ನು ಕಾಯುವ ಹೊಣೆಯೂ ಮೊದಲು ಅವರದೇ, ಮತ್ತು ಆ ಹೊಣೆಯನ್ನು ಹೊರುವಾಗ ತಮ್ಮ ಗೆಲುವಿನ ಬೆಲೆಯನ್ನು ತಾವೇ ಕಾಯ್ದುಕೊಂಡಂತಾಗುತ್ತದೆ, ಏಕೆಂದರೆ ಮಾನವಿಲ್ಲದ ಎದುರಾಳಿಯನ್ನು ಗೆದ್ದ ಗೆಲುವಿಗೆ ಮಾನವಿರುವುದಿಲ್ಲ.