ಹರಿವೆ ಕಟ್ಟು, ಬಾವಿ ನೀರು, ಮಗಳ ಕಾಲೇಜು

ಆಫ್ರಿಕಾದ ಬರ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಬಿರುಕು ಬಿಟ್ಟ ನೆಲ, ತಲೆ ಮೇಲೆ ಕೊಡ ಹೊತ್ತ ಹೆಂಗಸರು. ಅಯ್ಯೋ ಪಾಪ ಅನ್ನುತ್ತೇವೆ, ಪುಟ ತಿರುಗಿಸುತ್ತೇವೆ. ಅದೇ ಕೊಡ ಹೊತ್ತ ಹೆಂಗಸರು ನಮ್ಮ ಅಂಕೋಲೆಯ ಗದ್ದೆಗಳಲ್ಲಿ ಜನವರಿಯಿಂದ ಮೇ ತನಕ ದಿನಾ ಕಾಣಸಿಗುತ್ತಾರೆ. ಅವರಿಗೆ ಪಾಪ ಅನ್ನುವವರೂ ಇಲ್ಲ. ಕೊರಳ ತುಂಬಾ ಮಣಿಸರ ಇದೆಯಲ್ಲ, ಫೋಟೋ ಚೆನ್ನಾಗಿ ಬರುತ್ತೆ ಅಂತ ಒಂದು ಕ್ಲಿಕ್ಕಿಸಿ ಮುಂದೆ ಹೋಗುತ್ತೇವೆ, ಅಷ್ಟೇ.

'ನಿಮ್ಮೂರಲ್ಲಿ ಎಂತಾ ಬರ ಮಾರಾಯ್ರೆ?' ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ತಪ್ಪಿಲ್ಲ. ಕಾರವಾರ, ಅಂಕೋಲೆ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತೆ. ನೈಜರ್ ದೇಶದ ರಾಜಧಾನಿ ನಿಯಾಮೆಯಲ್ಲಿ ಬೀಳೋದು ಸುಮಾರು 500. ಆದರೆ ಎರಡೂ ಕಡೆ ಒಂದು ಹೋಲಿಕೆ ಇದೆ. ಹೆಚ್ಚುಕಮ್ಮಿ ಎಲ್ಲಾ ಮಳೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತೆ. ಆಮೇಲೆ ತಿಂಗಳುಗಟ್ಟಲೆ ಒಣಹವೆ. ನಮ್ಮಲ್ಲಿ ಘಟ್ಟಕ್ಕೂ ಸಮುದ್ರಕ್ಕೂ ನಡುವೆ ಇರೋ ಜಾಗ ಇಷ್ಟೇ ಇಷ್ಟು. ಬಿದ್ದ ನೀರು ಇಳಿಜಾರು ಹಿಡಿದು ಹಳ್ಳ, ಹಳ್ಳದಿಂದ ಗಂಗಾವಳಿ, ಕಾಳಿ, ಅಲ್ಲಿಂದ ಸೀದಾ ಅರಬ್ಬೀ ಸಮುದ್ರ. ಏಪ್ರಿಲ್ ಬರುವಷ್ಟರಲ್ಲಿ ಎಷ್ಟೋ ಬಾವಿಗಳ ತಳ ಕಾಣುತ್ತೆ. ಹೊಳೆ ದಂಡೆಯ ಗಜನಿ ಪಕ್ಕದ ಬಾವಿಗಳಿಗೆ ಉಪ್ಪು ನುಗ್ಗುತ್ತೆ. ನೀರು ಇದ್ದರೂ ಗಿಡಕ್ಕೆ ಹಾಕುವ ಹಾಗಿಲ್ಲ. ನಮ್ಮ ಬರದ ಚಹರೆ ಇದು. ಮಳೆ ನಕ್ಷೆಯಲ್ಲಿ ಹುಡುಕಿದರೆ ಸಿಗೋದಿಲ್ಲ.

ಈ ಒಣ ತಿಂಗಳುಗಳಲ್ಲೇ ಹಾಲಕ್ಕಿ ಒಕ್ಕಲಗಿತ್ತಿಯರ ತರಕಾರಿ ಬೇಸಾಯ ನಡೆಯೋದು. ಭತ್ತ ಕೊಯ್ದ ಗದ್ದೆಯಲ್ಲಿ ಮಣ್ಣು ಏರಿಸಿ ಹರಿವೆ, ಮೂಲಂಗಿ, ಬದನೆ, ಬೆಂಡೆ, ಮೊಗೆಕಾಯಿ, ಅಲಸಂದೆ, ಗೆಣಸು ಹಾಕುತ್ತಾರೆ. ಗೊಬ್ಬರ ಕೊಟ್ಟಿಗೆಯದ್ದು, ಮುಚ್ಚಿಗೆ ದರಕು. ನೀರು ಗದ್ದೆ ಮೂಲೆಯ ಹೊಂಡದ್ದು, ಕೊಡದಲ್ಲಿ ಮೊಗೆದು ಹೊಯ್ಯುವುದು. ಒಂದು ಕೊಡಕ್ಕೆ ಹನ್ನೆರಡು ಲೀಟರ್ ಹಿಡಿಯಿರಿ. ದಿನಕ್ಕೆ ನೂರು ಕೊಡ ಹೊಯ್ದರೆ 1200 ಲೀಟರ್. ಅಂದರೆ ಒಬ್ಬ ಹೆಂಗಸು ದಿನಕ್ಕೆ ಒಂದು ಟನ್ನಿಗಿಂತ ಜಾಸ್ತಿ ಭಾರ ಎತ್ತುತ್ತಾಳೆ. ನಾವು ಹತ್ತು ರೂಪಾಯಿಯ ಹರಿವೆ ಕಟ್ಟಿಗೆ 'ಎಂಟಕ್ಕೆ ಕೊಡು' ಅನ್ನುವಾಗ ಈ ಲೆಕ್ಕ ನೆನಪಿರಲಿ.

ಅಂದ ಹಾಗೆ, ಈ ಅಲಸಂದೆ ಇದೆಯಲ್ಲ, ಅದನ್ನು ಮೊದಲು ಬೆಳೆಯಾಗಿ ಪಳಗಿಸಿದ್ದು ಪಶ್ಚಿಮ ಆಫ್ರಿಕಾದ ಜನ. ಇವತ್ತಿಗೂ ನೈಜರ್, ನೈಜೀರಿಯಾ ಕಡೆ ಅದು ಬಡವರ ಮುಖ್ಯ ಕಾಳು. ಕಾರವಾರದ ಭಾನುವಾರದ ಸಂತೆಯಲ್ಲಿ ನಮ್ಮ ಗೌಡತಿಯರು ಕಟ್ಟು ಕಟ್ಟಿ ಮಾರೋದು ಅದರ ಎಳೆ ಕಾಯಿ. ನಂಟು ಅಂದರೆ ನಂಟು.

ಅಲ್ಲಿಯ ಒಂದು ಉದಾಹರಣೆ ನನಗೆ ಬಹಳ ಇಷ್ಟ. ಬೆನಿನ್ ದೇಶದ ಉತ್ತರಕ್ಕೆ ಕಲಾಲೆ ಅಂತ ಒಂದು ಪ್ರದೇಶ. ಅಲ್ಲಿಯ ಎರಡು ಹಳ್ಳಿಗಳಲ್ಲಿ 2007ರಲ್ಲಿ ಹೆಂಗಸರ ಗುಂಪುಗಳಿಗೆ ಸೌರಶಕ್ತಿಯ ಪಂಪು, ಹನಿ ನೀರಾವರಿ ಕೊಳವೆ ಹಾಕಿಕೊಟ್ಟರು. ಮೊದಲು ಅವರೂ ಕೈಯಲ್ಲೇ ನೀರು ಹೊಯ್ಯುತ್ತಿದ್ದವರು. ಆಮೇಲೆ ಸಂಶೋಧಕರು ಹೋಗಿ ನೋಡಿದರೆ, ಆ ಮನೆಗಳಲ್ಲಿ ತರಕಾರಿ ತಿನ್ನೋದು ಹೆಚ್ಚಾಗಿತ್ತು. ಉಳಿದದ್ದನ್ನು ಮಾರಿದ ದುಡ್ಡಿನಲ್ಲಿ ಬೇರೆ ಆಹಾರವೂ ಮನೆಗೆ ಬರುತ್ತಿತ್ತು. ನನಗೆ ಹಿಡಿಸಿದ್ದು ಪಂಪಿಗಿಂತ ಬೇರೊಂದು ಸಂಗತಿ. ನೀರು ಬಂದದ್ದು ಗುಂಪಿನ ಹೆಸರಿಗೆ, ಹೆಂಗಸರ ಹೆಸರಿಗೆ. ಗಂಡ ಒಪ್ಪಿದರೆ ಮಾತ್ರ ನೀರು ಎಂಬ ಮಾತೇ ಇರಲಿಲ್ಲ.

ನಮ್ಮಲ್ಲಿ ಗಂಟು ಬಿದ್ದಿರೋದು ಇಲ್ಲೇ. 1974ರ ಭೂಸುಧಾರಣೆಯಿಂದ ನಮ್ಮ ಜಿಲ್ಲೆಯ ಸಾವಿರಾರು ಗೇಣಿ ಒಕ್ಕಲುಗಳಿಗೆ ಭೂಮಿ ಸಿಕ್ಕಿತು. ದೊಡ್ಡ ಕೆಲಸ, ಎರಡು ಮಾತಿಲ್ಲ. ಆದರೆ ಪಹಣಿಯಲ್ಲಿ ಕೂತದ್ದು ಹೆಚ್ಚಾಗಿ ಅಜ್ಜನ, ಅಪ್ಪನ, ಗಂಡನ ಹೆಸರು. ಗದ್ದೆಯಲ್ಲಿ ದುಡಿದ ಅಜ್ಜಿಯ ಹೆಸರು ಎಲ್ಲೂ ಇಲ್ಲ. 2005ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ಬಂದ ಮೇಲೆ ಸಣ್ಣ ಹಿಡುವಳಿದಾರರು ಸ್ವಂತ ಬಾವಿ ತೋಡಿಸಿಕೊಳ್ಳಲು ದಾರಿ ಆಯಿತು. ಅದಕ್ಕೂ ಮೊದಲು ಬೇಕಾದದ್ದು ಪಹಣಿ. ಇನ್ನು ಬೇರೆಯವರ ಗದ್ದೆಯನ್ನು ಬೇಸಿಗೆಗೆ ಮಾತ್ರ ಮಾಡುವವರ ಕತೆ ಕೇಳಲೇಬೇಡಿ. ಗೇಣಿಯನ್ನೇ ಕಾನೂನು ಒಪ್ಪೋದಿಲ್ಲ, ಹಾಗಾಗಿ ಎಲ್ಲಾ ಬಾಯಿಮಾತಿನ ವ್ಯವಹಾರ. ಬಾಯಿಮಾತಿಗೆ ಬಾವಿಯೂ ಇಲ್ಲ, ಸಾಲವೂ ಇಲ್ಲ, ಬೆಳೆ ಹೋದರೆ ಪರಿಹಾರವೂ ಇಲ್ಲ.

ಭೂಮಿ ಹೋಗುವಾಗಲಂತೂ ಈ ಕಾಗದದ ಬೆಲೆ ಚೆನ್ನಾಗಿ ಗೊತ್ತಾಗುತ್ತೆ. ಕಾರವಾರ, ಅಂಕೋಲೆ ತಾಲ್ಲೂಕುಗಳ ಕಡಲ ದಂಡೆಯ ಊರುಗಳು ಸೀಬರ್ಡ್ ನೌಕಾನೆಲೆಗಾಗಿ ಎದ್ದು ಹೋದವು. ನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಪರಿಹಾರದ ಜಗಳ ಆಮೇಲೂ ಎಷ್ಟೋ ವರ್ಷ ನಡೆಯಿತು. ಈಚೆಗೆ ಅಲಗೇರಿಯಲ್ಲಿ ವಿಮಾನ ನಿಲ್ದಾಣದ ಯೋಜನೆ, ಕೇಣಿಯಲ್ಲಿ ಬಂದರಿನ ಯೋಜನೆ. ಇವು ಬೇಕೋ ಬೇಡವೋ ಅನ್ನೋದು ಬೇರೆ ಚರ್ಚೆ, ಅದನ್ನು ಇಲ್ಲಿ ಎತ್ತೋದಿಲ್ಲ. ನಾನು ಹೇಳೋದು ಇಷ್ಟೇ: ಪರಿಹಾರದ ಚೆಕ್ಕು ಪಹಣಿಯಲ್ಲಿ ಹೆಸರಿದ್ದವರಿಗೆ ಬರುತ್ತೆ. ಅದೇ ಗದ್ದೆಯಲ್ಲಿ ಹರಿವೆ ಬೆಳೆದು ಮಗಳ ಫೀಸು ಕಟ್ಟುತ್ತಿದ್ದವಳಿಗೆ ಹೋದದ್ದು ಸಂಪಾದನೆ. ಅದಕ್ಕೆ ಯಾವ ದಾಖಲೆಯೂ ಇಲ್ಲ.

ಈಗ ಓದಿನ ವಿಷಯ. ಇದನ್ನು ಬೇರೆ ಇಟ್ಟು ಮಾತಾಡಲು ಸಾಧ್ಯವೇ ಇಲ್ಲ. ನಮ್ಮ ಕಡೆಗೆ ಶಾಲೆ ಬಂದ ಕತೆ ಹೇಳುವಾಗ ದಿನಕರ ದೇಸಾಯಿಯವರ ಹೆಸರು ಹೇಳದೆ ಮುಂದೆ ಹೋಗಲಾಗದು. 1953ರಲ್ಲಿ ಅವರು ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು, ಬಡ ಒಕ್ಕಲು ಮಕ್ಕಳ ಹತ್ತಿರಕ್ಕೆ ಹೈಸ್ಕೂಲು ತಂದರು. 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟೆನರಿ ಕಾಲೇಜು ಬಂತು. ರೈತರ ಹೋರಾಟ ಮಾಡಿದ ಮನುಷ್ಯನೇ ಶಾಲೆಯನ್ನೂ ಕಟ್ಟಿದ. ಗದ್ದೆ ಬೇರೆ, ಶಾಲೆ ಬೇರೆ ಅಂತ ಅವರಿಗೆ ಅನ್ನಿಸಿರಲಿಕ್ಕಿಲ್ಲ.

ಆದರೂ ನಮ್ಮ ಇಬ್ಬರು ದೊಡ್ಡ ಅಜ್ಜಿಯರು ಶಾಲೆ ಮೆಟ್ಟಿಲು ಹತ್ತಿದವರಲ್ಲ. ಹೊನ್ನಳ್ಳಿಯ ತುಳಸಿ ಗೌಡರು ಎಳವೆಯಲ್ಲೇ ಅಮ್ಮನ ಜತೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋದವರು, ದಿನಗೂಲಿಯಾಗಿಯೇ ದಶಕಗಟ್ಟಲೆ ದುಡಿದವರು. ಬಡಿಗೇರಿಯ ಸುಕ್ರಿ ಬೊಮ್ಮಗೌಡರು ನೂರಾರು ಹಾಡು ನೆನಪಿಟ್ಟವರು, ಊರಲ್ಲಿ ಸಾರಾಯಿ ವಿರುದ್ಧ ನಿಂತವರು. ಸುಕ್ರಜ್ಜಿಗೆ 2017ರಲ್ಲಿ, ತುಳಸಜ್ಜಿಗೆ 2021ರ ನವೆಂಬರಿನಲ್ಲಿ ಪದ್ಮಶ್ರೀ ಪ್ರದಾನವಾಯಿತು. 2024ರ ಡಿಸೆಂಬರಿನಲ್ಲಿ ತುಳಸಜ್ಜಿ, 2025ರ ಫೆಬ್ರವರಿಯಲ್ಲಿ ಸುಕ್ರಜ್ಜಿ ತೀರಿಕೊಂಡರು. ಬರಿಗಾಲಲ್ಲಿ ರಾಷ್ಟ್ರಪತಿ ಭವನದಲ್ಲಿ ನಡೆದ ತುಳಸಜ್ಜಿಯ ಫೋಟೋ ದೇಶವೆಲ್ಲಾ ಓಡಾಡಿತು. 'ಶಾಲೆಗೆ ಹೋಗದಿದ್ದರೇನು, ನೋಡಿ ಎಷ್ಟು ಜ್ಞಾನ!' ಅಂತ ಎಲ್ಲರೂ ಬರೆದರು. ಆ ಮಾತು ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯೋದಿಲ್ಲ. ಶಾಲೆಗೆ ಹೋಗದ್ದು ಅವರ ಆಯ್ಕೆ ಆಗಿರಲಿಲ್ಲ. ಬಡತನವನ್ನು ಹೊಗಳಿಕೆಯ ಮಾತಲ್ಲಿ ಮುಚ್ಚಬಾರದು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅನ್ನೋ ಬೇಡಿಕೆ ದಶಕಗಳಷ್ಟು ಹಳೆಯದು. ಅದರ ಹಿಂದೆ ಇರೋದೂ ಇದೇ ಸಂಕಟ: ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು, ಒಂದು ನೌಕರಿ.

ಇಲ್ಲೊಂದು ವಾದ ಯಾವಾಗಲೂ ಕೇಳಿಬರುತ್ತೆ. 'ಹೆಣ್ಣುಮಕ್ಕಳು ಓದಿದರೆ ಗದ್ದೆಗೆ ಇಳಿಯೋರು ಯಾರು? ಈ ತರಕಾರಿ, ಈ ಬೀಜ ಎಲ್ಲಾ ಹೋಗುತ್ತಲ್ಲ!' ಇದನ್ನು ಹೇಳೋರು ಸಾಮಾನ್ಯವಾಗಿ ತಮ್ಮ ಮಗಳನ್ನು ಎಂಜಿನಿಯರಿಂಗಿಗೆ ಕಳಿಸಿರುತ್ತಾರೆ :-) ವಾದ ಪೂರ್ತಿ ಸುಳ್ಳಲ್ಲ. ನಮ್ಮನೆಗೆ ಮೊಗೆಕಾಯಿ ತಂದುಕೊಡುವ ಒಬ್ಬ ಗೌಡತಿ ಹಿಂದೊಮ್ಮೆ ನನಗೆ ಹೇಳಿದ್ದು: 'ತಂಗೀ, ನಾ ಹೊತ್ತ ಕೊಡ ನನ್ ಮಗಳು ಹೊರೂದು ಬ್ಯಾಡ.' ಗಮನಿಸಿ, ಬೇಡ ಅಂದದ್ದು ಕೊಡವನ್ನು. ಮಣ್ಣು, ಬೀಜ, ಸಂತೆ ಬೇಡ ಅಂತ ಆಕೆ ಅನ್ನಲಿಲ್ಲ. ಕೊಡದ ಭಾರ ಇಳಿಸಿದರೆ, ಗದ್ದೆಯಲ್ಲಿ ಹೆಸರು ಬಂದರೆ, ಬಿ.ಕಾಂ. ಓದಿದ ಮಗಳು ಲೆಕ್ಕ ಹಾಕಿ ಮುಂದುವರಿಸಬಹುದು. ಮುಂದುವರಿಸದೇ ಇರಬಹುದು. ಅದು ಅವಳಿಗೆ ಬಿಟ್ಟದ್ದು. ನಮಗೆ ತಾಜಾ ಹರಿವೆ ಸಿಗಲಿ ಅಂತ ಒಬ್ಬ ಹುಡುಗಿ ಹತ್ತನೇ ಕ್ಲಾಸಿಗೆ ಓದು ನಿಲ್ಲಿಸೋದನ್ನು ಸಂಸ್ಕೃತಿ ಅಂತ ಕರೆಯೋಕೆ ನಾನಂತೂ ತಯಾರಿಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆ ಏನೂ ಬೇಡ.

ಒಂದು, ನೀರು. ಪ್ರತಿ ಮಜರೆಯಲ್ಲಿ ಬೇಸಿಗೆ ತರಕಾರಿ ಮಾಡುವ ಹೆಂಗಸರ ಗುಂಪಿಗೆ, ಗುಂಪಿನ ಹೆಸರಲ್ಲೇ, ಒಂದು ಒಳ್ಳೆ ಬಾವಿ, ಒಂದು ಸಣ್ಣ ಸೌರ ಪಂಪು. 2000ನೇ ಇಸವಿಯ ಹೊತ್ತಿಗೆ ಶುರುವಾದ ಸ್ತ್ರೀಶಕ್ತಿ ಸಂಘಗಳು ಊರೂರಲ್ಲಿ ಇವೆ, ಹೊಸದಾಗಿ ಕಟ್ಟೋದೇನೂ ಬೇಕಿಲ್ಲ. ಜತೆಗೆ ಮಳೆಗಾಲದ ನೀರು ಗುಡ್ಡದಲ್ಲೇ ಇಂಗುವ ಕೆಲಸ ಆಗಬೇಕು. ಬರೀ ಪಂಪು ಕೊಟ್ಟರೆ ದಂಡೆಯ ಬಾವಿಗಳಿಗೆ ಉಪ್ಪು ಇನ್ನೂ ಬೇಗ ನುಗ್ಗುತ್ತೆ.

ಎರಡು, ಕೂರಲು ಜಾಗ. ಬೆಳಕು ಹರಿಯುವ ಮೊದಲೇ ಮನೆ ಬಿಟ್ಟು ಬಂದವಳು ರಸ್ತೆ ಬದಿಯ ಬಿಸಿಲಲ್ಲಿ ಕೂತು ಮಾರುತ್ತಾಳೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣದ ಮಾರಾಟ ಸಮಿತಿಯಲ್ಲಿ ವ್ಯಾಪಾರಿಗಳ ಪ್ರತಿನಿಧಿಗಳು ಇರಬೇಕು, ಅವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು. ಆ ಕುರ್ಚಿಯಲ್ಲಿ ಒಬ್ಬ ಗೌಡತಿ ಕೂರಲಿ. ನೆರಳು, ಕುಡಿಯೋ ನೀರು, ಶೌಚಾಲಯ ಎಲ್ಲಿ ಬೇಕು ಅಂತ ಅವಳೇ ಹೇಳುತ್ತಾಳೆ.

ಮೂರು, ಕಾಲೇಜು. 2023ರ ಜೂನ್ 11ರಿಂದ ಸರಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಅದರಿಂದ ಒಳ್ಳೆಯದೇ ಆಗಿದೆ. ಆದರೆ ಒಳಗಿನ ಮಜರೆಗೆ ಬಸ್ಸೇ ಇಲ್ಲದಿದ್ದರೆ ಪುಕ್ಕಟೆ ಟಿಕೆಟ್ ತಗೊಂಡು ಏನು ಮಾಡೋದು? ಕಾಲೇಜು ಬಿಡುವ ಹೊತ್ತಿಗೆ ಒಂದು ಬಸ್ಸು, ದೂರದವರಿಗೆ ಹಾಸ್ಟೆಲ್ಲಲ್ಲಿ ಜಾಗ ಬೇಕು. ಇದರಲ್ಲಿ ನಮ್ಮ ಪಾಲೂ ಇದೆ. ಅಂಕೋಲೆ, ಕಾರವಾರದಲ್ಲಿ ಓದಿ ಬೆಂಗಳೂರು, ಪುಣೆ, ದುಬೈ ಸೇರಿದ ನಾವು ಹತ್ತು ಜನ ಕೂಡಿದರೆ ಒಬ್ಬ ಹುಡುಗಿಯ ಮೂರು ವರ್ಷದ ಪುಸ್ತಕ, ಹಾಸ್ಟೆಲ್ ಖರ್ಚು ದೊಡ್ಡ ಮಾತಲ್ಲ.

ಇಬ್ಬರು ಅಜ್ಜಿಯರ ಹೆಸರಲ್ಲಿ ಪುತ್ಥಳಿ, ವೃತ್ತ, ಭವನ ಆಗಲಿ ಅಂತ ಮಾತು ಕೇಳಿಬರುತ್ತೆ. ಆಗಲಿ, ಬೇಡ ಅನ್ನೋದಿಲ್ಲ. ಅದಕ್ಕೂ ಮೊದಲು ಅವರ ಹೆಸರಲ್ಲಿ ಹತ್ತು ಬಾವಿ ತೋಡಿಸೋಣ, ಹತ್ತು ಹೆಣ್ಣುಮಕ್ಕಳನ್ನು ಡಿಗ್ರಿ ಮುಗಿಯೋ ತನಕ ಓದಿಸೋಣ. ನೀವೇನಂತೀರಿ?